ಯಜಮಾನರನ್ನು ‘ಲಾಡ್ಜಿಗೆ’ ಕರೆಯುತ್ತಿದ್ದಾರೆ, ಕಳಿಸಲೇ?

ಪ್ರಶ್ನೆ: ನಮ್ಮದು ಮಲೆನಾಡಿನ ಸಣ್ಣ ಊರು. ನಮ್ಮ ಯಜಮಾನರಿಗೆ ಅವರ ಸ್ನೇಹಿತರೊಬ್ಬರು ‘ನಮ್ಮ ಲಾಡ್ಜಿಗೆ ಸೇರಿ’ ಅಂತ ಆರು ತಿಂಗಳಿಂದ ಹೇಳುತ್ತಿದ್ದಾರೆ. ರೂಮು ಬಾಡಿಗೆ ಕೊಡುವ ಲಾಡ್ಜಿಗೆ ಪಾರ್ಟ್‌ನರ್ ಆಗಲು ಕರೆಯುತ್ತಿದ್ದಾರೆ ಅಂದುಕೊಂಡು ಮೊದಲು ಗಾಬರಿಯಾಗಿದ್ದೆ. ಆಮೇಲೆ ಗೊತ್ತಾಯಿತು, ಫ್ರೀಮೇಸನ್ ಅಂತೆ. ಒಳಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ನಗುತ್ತಾರೆ, ಹೇಳುವುದಿಲ್ಲ. ಇದು ಕ್ಲಬ್ಬೋ, ಮಠವೋ, ಮಾಟಮಂತ್ರವೋ?

ಉತ್ತರ: ಮಾಟಮಂತ್ರವಲ್ಲ. ಮಠವೂ ಅಲ್ಲ. ಕ್ಲಬ್ಬು ಅನ್ನಬಹುದು, ಆದರೆ ಇಸ್ಪೀಟು ಮೇಜಿಲ್ಲದ, ಪುಟಗಟ್ಟಲೆ ಮಾತನ್ನು ಬಾಯಿಪಾಠ ಮಾಡಬೇಕಾದ ಕ್ಲಬ್ಬು. ನಿಮ್ಮ ಯಜಮಾನರಿಗೆ ಶಾಲೆಯಲ್ಲಿ ಪದ್ಯ ಒಪ್ಪಿಸಲು ಕಷ್ಟವಾಗಿದ್ದರೆ ಈಗಲೇ ಎಚ್ಚರಿಸಿ.

ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡ್ ಎದುರಿನ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅಂತ ನೀವು ಅಂದುಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ, ನಮ್ಮ ಕಡೆ ಆ ಪದಕ್ಕೆ ಇರುವುದು ಅದೊಂದೇ ಅರ್ಥ. ಹಳೆಯ ಯೂರೋಪಿನಲ್ಲಿ ಅದು ಕಲ್ಲುಕುಟಿಗರ ಕೊಟ್ಟಿಗೆ. ದೊಡ್ಡ ಚರ್ಚು ಕಟ್ಟುವ ಕಡೆ ಪಕ್ಕದಲ್ಲೇ ಒಂದು ಮಾಡು ಎಳೆದು, ಅಲ್ಲೇ ಕಲ್ಲು ಕೆತ್ತಿ, ಅಲ್ಲೇ ಉಂಡು, ಕಸುಬಿನ ಮಾತು ಆಡಿಕೊಳ್ಳುತ್ತಿದ್ದ ಜಾಗ. ಮೇಸನ್ ಅಂದರೆ ನಮ್ಮ ಮೇಸ್ತ್ರಿ. ಬೇರೆ ಊರಿನಿಂದ ಕೆಲಸ ಕೇಳಿಕೊಂಡು ಬಂದವನಿಗೆ ನಿಜವಾಗಿ ಕಸುಬು ಗೊತ್ತೋ ಇಲ್ಲವೋ ಎಂದು ತಿಳಿಯಲು ಒಂದು ಗುರುತಿನ ಮಾತು ಬೇಕಾಗುತ್ತಿತ್ತು. ಬೇಲೂರಿನ ಮದನಿಕೆಯರ ಕೆಳಗೆ ತಮ್ಮ ಹೆಸರು, ಬಿರುದು ಕೊರೆದುಹೋದ ನಮ್ಮ ರೂವಾರಿಗಳಿಗೂ ಇಂಥ ಬಳಗ ಇದ್ದಿರಲೇಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಆಮೇಲೆ ಕಲ್ಲು ಹೋಯಿತು, ಕೊಟ್ಟಿಗೆ ಉಳಿಯಿತು. ಉಳಿ ಹಿಡಿದೇ ಗೊತ್ತಿಲ್ಲದ ಜಮೀನುದಾರರು, ವ್ಯಾಪಾರಿಗಳು, ಪಂಡಿತರು ಈ ಕೂಟಗಳಿಗೆ ಸೇರಿಕೊಂಡರು. 1717ರ ಜೂನ್ 24ರಂದು ಲಂಡನ್ನಿನ ‘ಗೂಸ್ ಅಂಡ್ ಗ್ರಿಡೈರನ್’ ಎಂಬ ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜುಗಳು ಕೂಡಿ ತಮ್ಮೆಲ್ಲರ ಮೇಲೊಂದು ಕೇಂದ್ರ ಕೂಟ, ಅಂದರೆ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಎನ್ನುವುದು ಅವರೇ ಹೇಳಿಕೊಳ್ಳುವ ಹುಟ್ಟುಕಥೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಸರಿಯಾಗಿ ಆರುನೂರು ವರ್ಷ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಲೆಕ್ಕ ಚೆನ್ನಾಗಿ ಕೂತಿತು ಅಂತ ಹೇಳಿದೆ ಅಷ್ಟೆ.

ಇನ್ನು ನಿಮ್ಮ ಯಜಮಾನರ ಸ್ನೇಹಿತರು ನಕ್ಕು ಬಚ್ಚಿಡುವ ಗುಟ್ಟು. ಅದನ್ನು 1730ರಲ್ಲೇ ಲಂಡನ್ನಿನಲ್ಲಿ ಮಾಜಿ ಸದಸ್ಯನೊಬ್ಬ ಪುಸ್ತಕ ಮಾಡಿ ಮಾರಿಬಿಟ್ಟ. ತಮಾಷೆಯೆಂದರೆ ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಭಾರತದ ಮೊದಲ ಲಾಡ್ಜ್ ಶುರುವಾದದ್ದೂ ಅದೇ ಹೊತ್ತಿಗೆ. ಅಂದರೆ ಗುಟ್ಟು ನಮ್ಮಲ್ಲಿಗೆ ಬರುವಾಗಲೇ ರಟ್ಟಾಗಿ ಬಂದಿತ್ತು.

ಹೊಸಬರನ್ನು ಸೇರಿಸಿಕೊಳ್ಳುವ ದಿನ ನಡೆಯುವುದು ಸುಮಾರಾಗಿ ಹೀಗೆ. ಬಾಗಿಲ ಹೊರಗೆ ಒಬ್ಬರು ಕತ್ತಿ ಹಿಡಿದು ನಿಂತಿರುತ್ತಾರೆ. ಬಂದವರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕೊರಳಿಗೆ ಹಗ್ಗ ಹಾಕುತ್ತಾರೆ, ಒಂದು ಕಾಲಿನ ಪ್ಯಾಂಟು ಮಂಡಿಯ ಮೇಲಕ್ಕೆ ಮಡಿಸುತ್ತಾರೆ, ಎದೆಯ ಎಡಭಾಗ ತೆರೆದಿರಬೇಕು, ಮೈಮೇಲೆ ಲೋಹದ ವಸ್ತು ಇರಕೂಡದು. ಒಳಗೆ ಕಪ್ಪು ಬಿಳುಪು ಚೌಕದ ನೆಲ, ಪೂರ್ವಕ್ಕೆ ಅಧ್ಯಕ್ಷರ ಪೀಠ. ಹೊಸಬ ತನ್ನ ಧರ್ಮಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾನೆ. ಆಮೇಲೆ ಕಟ್ಟು ಬಿಚ್ಚಿ, ಬಿಳಿಯ ಕುರಿದೊಗಲಿನ ಏಪ್ರನ್ ಸೊಂಟಕ್ಕೆ ಕಟ್ಟುತ್ತಾರೆ. ಒಂದು ಕೈಕುಲುಕು, ಒಂದು ಸನ್ನೆ, ಒಂದು ಮಾತು ಹೇಳಿಕೊಡುತ್ತಾರೆ. ಮೂಲೆಮಟ್ಟ, ಕೈವಾರ, ಸುತ್ತಿಗೆ ಹಿಡಿದು ನೀತಿ ಹೇಳುತ್ತಾರೆ: ಒರಟು ಕಲ್ಲಿನಂಥ ಮನುಷ್ಯ ನಯವಾಗಬೇಕು ಇತ್ಯಾದಿ. ಹೀಗೆ ಮೂರು ಮೆಟ್ಟಿಲು. ಮೂರನೆಯದನ್ನು ದಾಟಿದವನು ಮಾಸ್ಟರ್ ಮೇಸನ್. ಎಲ್ಲ ಮುಗಿದ ಮೇಲೆ ಊಟ, ಲೋಟ ಎತ್ತಿ ಶುಭ ಕೋರುವ ಟೋಸ್ಟು. ಉಪನಯನವನ್ನೋ ದೀಕ್ಷೆಯನ್ನೋ ಕಂಡ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ಕತ್ತಲಿಂದ ಬೆಳಕಿಗೆ ಬರುವುದು, ಕಿವಿಯಲ್ಲಿ ಒಂದು ಮಾತು ಹೇಳಿಸಿಕೊಳ್ಳುವುದು, ಮೈಗೊಂದು ಗುರುತು ಕಟ್ಟಿಕೊಳ್ಳುವುದು ನಮ್ಮಲ್ಲೂ ಇದೆ.

ಹೊರಗೆ ನಿಂತವರಿಗೆ ಕಂಡದ್ದು ಮಾತ್ರ ಕತ್ತಿ ಮತ್ತು ಮುಚ್ಚಿದ ಕಿಟಕಿ. ಉತ್ತರ ಭಾರತದ ಊರುಗಳಲ್ಲಿ ಜನ ಈ ಕಟ್ಟಡಗಳಿಗೆ ‘ಜಾದೂಘರ್’ ಅಂತಲೇ ಹೆಸರಿಟ್ಟರು. ಕ್ಯಾಥೊಲಿಕ್ ಚರ್ಚಿಗೂ ಇದು ಹಿಡಿಸಲಿಲ್ಲ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಹಾಕಿದ ನಿಷೇಧ ಇವತ್ತಿಗೂ ಸಡಿಲವಾಗಿಲ್ಲ, 2023ರಲ್ಲೂ ವ್ಯಾಟಿಕನ್ ಅದನ್ನು ಮತ್ತೆ ಹೇಳಿತು. ಹಾಗಾಗಿ ಇಂಥ ಕರೆ ಬಂದ ಮಂಗಳೂರಿನ ಕ್ಯಾಥೊಲಿಕ್ ಮನೆಯವರು ನನ್ನನ್ನಲ್ಲ, ಪಾದ್ರಿಗಳನ್ನು ಕೇಳಬೇಕಾಗುತ್ತದೆ.

ಒಳಗೆ ಏನು ನಡೆಯುತ್ತದೆ ಎನ್ನುವುದು, ಬೇಸರ ಮಾಡಿಕೊಳ್ಳಬೇಡಿ, ಈ ವಿಷಯದಲ್ಲಿ ಸಪ್ಪೆ ಪ್ರಶ್ನೆ. ಒಳಗೆ ಯಾರನ್ನು ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ, ಅದನ್ನು ತೀರ್ಮಾನಿಸುವವರು ಯಾರು ಎಂದು ಕೇಳಿ. ಕಥೆ ಇರುವುದೆಲ್ಲ ಬಾಗಿಲಲ್ಲಿ.

ಲಾಡ್ಜಿಗೆ ಸೇರಲು ಒಳಗಿನ ಒಬ್ಬರು ನಿಮ್ಮ ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ನಂತರ ಒಂದು ಮುಚ್ಚಿದ ಪೆಟ್ಟಿಗೆ ಸುತ್ತು ಬರುತ್ತದೆ. ಒಪ್ಪಿಗೆಯಿದ್ದವರು ಬಿಳಿಗೋಲಿ ಹಾಕುತ್ತಾರೆ, ಇಲ್ಲದವರು ಕರಿಗೋಲಿ. ನಾಲ್ಕಾರು ಜನ ಬೇಡವೆಂದರೆ ಬಹುಮತ ನೋಡುವ ಪದ್ಧತಿ ಅಲ್ಲಿಲ್ಲ. ಲಾಡ್ಜಿನ ನಿಯಮದ ಪ್ರಕಾರ ಒಂದೋ ಎರಡೋ ಮೂರೋ ಕರಿಗೋಲಿ ಬಿದ್ದರೆ ಮುಗಿಯಿತು. ಹಾಕಿದ್ದು ಯಾರು, ಯಾಕೆ, ಯಾರೂ ಕೇಳುವಂತಿಲ್ಲ.

ಕಲ್ಕತ್ತದ ಪ್ರಸನ್ನ ಕುಮಾರ್ ದತ್ತ ಎಂಬ ವ್ಯಾಪಾರಿ ಈ ಬಾಗಿಲಲ್ಲಿ ಒಂಬತ್ತು ವರ್ಷ ನಿಂತರು. 1863ರಲ್ಲಿ ಅವರ ಹೆಸರು ಸೂಚನೆಯಾಯಿತು. ಎಲ್ಲ ಮನುಷ್ಯರೂ ಅಣ್ಣತಮ್ಮಂದಿರು ಎಂದು ದಿನಾ ಪಠಿಸುವವರಿಗೆ ಥಟ್ಟನೆ ಸಂಶಯ ಹುಟ್ಟಿತು: ಮೇಸನ್ ಆಗುವವನು ಒಬ್ಬ ದೇವರನ್ನು ನಂಬಬೇಕು, ಹಿಂದೂಗಳಿಗೆ ಅಷ್ಟೊಂದು ದೇವರು, ಇವರು ಯಾವ ದೇವರ ಮೇಲೆ ಪ್ರಮಾಣ ಮಾಡುತ್ತಾರೆ? ಮುಸ್ಲಿಮರಿಗೆ ಈ ತಕರಾರು ಅಷ್ಟಿರಲಿಲ್ಲ, ಆರ್ಕಾಟಿನ ನವಾಬರ ಮಗ ಹದಿನೆಂಟನೇ ಶತಮಾನದಲ್ಲೇ ಒಳಗಿದ್ದರು. ಪಾರ್ಸಿಗಳಿಗೂ 1843ರಲ್ಲಿ ಬೊಂಬಾಯಿಯಲ್ಲಿ ದಾರಿ ಆಯಿತು. ದತ್ತರು ಬಿಡಲಿಲ್ಲ. ಲಂಡನ್ನಿಗೆ ಬರೆದರು, ವಾದಿಸಿದರು, 1872ರಲ್ಲಿ ಒಳಗೆ ಹೋದರು. ಹನ್ನೆರಡು ವರ್ಷದ ಮೇಲೆ, 1884ರಲ್ಲಿ, ಅದೇ ಊರಿನ ಲಾಡ್ಜೊಂದಕ್ಕೆ ನರೇಂದ್ರನಾಥ ದತ್ತ ಎಂಬ ಇಪ್ಪತ್ತೊಂದು ವರ್ಷದ ಹುಡುಗನೂ ಸೇರಿದ. ಮುಂದೆ ಅವನೇ ಸ್ವಾಮಿ ವಿವೇಕಾನಂದ. ಇವತ್ತು ಭಾರತದ ಲಾಡ್ಜುಗಳಲ್ಲಿ ಗೀತೆ, ಕುರಾನು, ಬೈಬಲ್ಲು ಒಂದೇ ಪೀಠದ ಮೇಲೆ ಇರುತ್ತವೆ. ಯಾರ ಕೈ ಯಾವುದರ ಮೇಲೆ ಎಂಬುದು ಅವರವರಿಗೆ ಬಿಟ್ಟದ್ದು. 1961ರಲ್ಲಿ ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಗಿ ಆಡಳಿತವೂ ಇಲ್ಲಿಯವರ ಕೈಗೆ ಬಂತು. ನಮ್ಮ ರಾಜ್ಯದ ಲಾಡ್ಜುಗಳು ಅದರ ದಕ್ಷಿಣ ಪ್ರಾಂತ್ಯಕ್ಕೆ, ಅಂದರೆ ಚೆನ್ನೈಗೆ ಸೇರುತ್ತವೆ.

ಗುಟ್ಟೇ ಇಲ್ಲದ ಕ್ಲಬ್ಬುಗಳು ಬಾಗಿಲು ಹಾಕುವ ವಿಷಯದಲ್ಲಿ ಲಾಡ್ಜಿಗಿಂತ ಗಟ್ಟಿ. ನಿಮ್ಮ ಕಡೆಯವೇ ಇವೆಯಲ್ಲ, ಚಿಕ್ಕಮಗಳೂರಿನ ಕಡೂರು ಕ್ಲಬ್ಬು, ಸಕಲೇಶಪುರದ ಮಂಜ್ರಾಬಾದ್ ಕ್ಲಬ್ಬು. ತೋಟದಲ್ಲಿ ಹತ್ತಾರು ಮೈಲಿಗೊಬ್ಬರಂತೆ ಒಂಟಿಯಾಗಿದ್ದ ಬಿಳಿ ಪ್ಲಾಂಟರುಗಳು ವಾರಕ್ಕೊಮ್ಮೆ ತಮ್ಮವರ ಮುಖ ನೋಡಲು ಕಟ್ಟಿಕೊಂಡವು. ಟೆನಿಸ್, ಬಿಲಿಯರ್ಡ್ಸ್, ಬಾರು, ಬೆಂಕಿಗೂಡು. ಕೋಲಾರದ ಚಿನ್ನದ ಗಣಿಯಲ್ಲೂ ಇದೇ ಕಥೆ. ಬಚ್ಚಿಡುವಂಥದ್ದು ಒಳಗೆ ಏನೂ ಇರಲಿಲ್ಲ. ಆದರೂ ಅಲ್ಲಿ ಭಾರತೀಯರು ಬಹಳ ಕಾಲ ಟ್ರೇ ಹಿಡಿದುಕೊಂಡು ಮಾತ್ರ ಒಳಗೆ ಹೋಗಬಹುದಿತ್ತು. ಬೆಂಗಳೂರು ಕ್ಲಬ್ಬು 1868ರದು. ಅಲ್ಲಿ ಲೆಫ್ಟಿನೆಂಟ್ ಚರ್ಚಿಲ್ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವರೇ) ಬಾಕಿ ಉಳಿಸಿಹೋದ 13 ರೂಪಾಯಿಯನ್ನು ವಸೂಲಾಗದ ಸಾಲವೆಂದು ಬರೆದ ಲೆಡ್ಜರನ್ನು ಇಂದಿಗೂ ಅಭಿಮಾನದಿಂದ ತೋರಿಸುತ್ತಾರೆ. ನಮ್ಮೂರ ಶೆಟ್ಟರ ಅಂಗಡಿಯಲ್ಲೂ ವಸೂಲಾಗದ ಸಾಲದ ಪುಸ್ತಕವಿದೆ, ಅದನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ.

ಬಾಗಿಲು ಹಾಕಿಸಿಕೊಂಡವರು ಏನು ಮಾಡಿದರು? ತಾವೇ ಒಂದು ಕ್ಲಬ್ಬು ಕಟ್ಟಿದರು. 1917ರಲ್ಲಿ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕಬ್ಬನ್ ಪಾರ್ಕಿನಲ್ಲಿ ಸೆಂಚುರಿ ಕ್ಲಬ್ಬು ಸ್ಥಾಪಿಸಿದರು. ಕಲ್ಕತ್ತದಲ್ಲಿ, ಮದ್ರಾಸಿನಲ್ಲಿ ಅದಕ್ಕೂ ಮೊದಲೇ ಇಂಥವು ಹುಟ್ಟಿದ್ದವು. ಕಟ್ಟಿದವರು ಸುಮ್ಮನಿದ್ದರೆ ಕಥೆ ಸುಖಾಂತ್ಯ. ಆದರೆ ನಮ್ಮವರೂ ಬಾಗಿಲಿಗೆ ಬೇಗ ಚಿಲಕ ಇಟ್ಟರು. ಪಂಚೆ ಉಟ್ಟವರಿಗೆ ಪ್ರವೇಶವಿಲ್ಲ, ಚಪ್ಪಲಿ ನಡೆಯುವುದಿಲ್ಲ ಎಂಬ ಬೋರ್ಡುಗಳು ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೂ ನೇತಾಡುತ್ತಿದ್ದವು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಹೊರಗೆ ನಿಲ್ಲಿಸಿತು. ಮರು ತಿಂಗಳೇ ತಮಿಳುನಾಡು ವಿಧಾನಸಭೆ ಅದರ ವಿರುದ್ಧ ಕಾನೂನು ಮಾಡಿತು. ನ್ಯಾಯಮೂರ್ತಿಯ ಬದಲು ಗುಮಾಸ್ತರೊಬ್ಬರನ್ನು ನಿಲ್ಲಿಸಿದ್ದರೆ ಕಾನೂನು ಬರುತ್ತಿತ್ತೇ ಎಂಬ ಅನುಮಾನ ನನಗಿದೆ.

ರೋಟರಿ, ಲಯನ್ಸ್ ಬೇರೆ ಜಾತಿ. ಎರಡೂ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದವು, ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ. ಗುಟ್ಟಿಲ್ಲ, ಏಪ್ರನ್ನಿಲ್ಲ, ಕಣ್ಣಿನ ಶಿಬಿರ, ಶಾಲೆಗೆ ಬೆಂಚು, ಹಾರ, ಗುಂಪು ಫೋಟೋ. ತಮಾಷೆ ಮಾಡುವುದು ಸುಲಭ, ಆದರೆ ಸಣ್ಣ ಊರಿನಲ್ಲಿ ರಕ್ತದಾನ ಶಿಬಿರ ಎಷ್ಟೋ ಸಲ ಅವರಿಂದಲೇ ನಡೆಯುತ್ತದೆ. ಮೇಸನ್ನರೂ ದಾನಧರ್ಮ ಮಾಡುತ್ತಾರೆ, ಕೊಯಮತ್ತೂರಿನ ಮಕ್ಕಳ ಆಸ್ಪತ್ರೆ ಅವರದೇ. ಫೋಟೋ ಮಾತ್ರ ಕಡಿಮೆ.

ಇನ್ನು ಪ್ರತಿ ತಾಲ್ಲೂಕಿನಲ್ಲೂ ಇರುವ ಟೌನ್ ಕ್ಲಬ್ಬು ಅಥವಾ ಆಫೀಸರ್ಸ್ ಕ್ಲಬ್ಬು. ತಹಸೀಲ್ದಾರರು, ಮುನ್ಸೀಫರು, ಡಾಕ್ಟರು, ವಕೀಲರು ಸಂಜೆ ಶಟಲ್ ಆಡಿ ಆಮೇಲೆ ಎಲೆ ಹಿಡಿದು ಕೂರುವ ಜಾಗ. ನನ್ನ ಸೋದರಮಾವ ಹತ್ತು ವರ್ಷ ಒಂದರ ಕಾರ್ಯದರ್ಶಿಯಾಗಿದ್ದರು. ಅತ್ತೆಗೆ ಆ ಕ್ಲಬ್ಬಿನ ಮೇಲಿದ್ದಷ್ಟು ಸಿಟ್ಟು ಬೇರೆ ಯಾರ ಮೇಲೂ ಇರಲಿಲ್ಲ. ಇವು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾದ ಸಂಘಗಳು. ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಕೊಡಬೇಕು. ಒಳಗೆ ಮದ್ಯ ಕೊಡಬೇಕಾದರೆ ಸಿಎಲ್-4 ಎಂಬ ಬೇರೆಯೇ ಲೈಸೆನ್ಸು. ಇಸ್ಪೀಟಿನ ವಿಷಯಕ್ಕೆ ಸುಪ್ರೀಂ ಕೋರ್ಟಿನ 1967ರ ತೀರ್ಪು ಆಧಾರ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ರಮ್ಮಿ ಬರೀ ಅದೃಷ್ಟವಲ್ಲ, ಬಿದ್ದ ಎಲೆ ನೆನಪಿಟ್ಟುಕೊಳ್ಳುವ ಜಾಣ್ಮೆ ಬೇಕು ಎಂದು ಕೋರ್ಟು ಹೇಳಿತು. ಅಂದರ್ ಬಾಹರ್‌ಗೆ ಆ ರಕ್ಷಣೆ ಇಲ್ಲ, ಅದಕ್ಕೇ ಪೇಪರಿನಲ್ಲಿ ದಾಳಿಯ ಸುದ್ದಿ ಬಂದಾಗಲೆಲ್ಲ ಅದರದೇ ಹೆಸರು. ಆ ತೀರ್ಪಿನಲ್ಲೇ ಇನ್ನೊಂದು ಮಾತಿದೆ: ಆಟದಿಂದ ಕ್ಲಬ್ಬೇ ಲಾಭ ಹೊಡೆಯುತ್ತಿದ್ದರೆ ಅದು ಜೂಜುಕಟ್ಟೆಯಾದೀತು. ಕ್ಲಬ್ಬಿನವರು ಮೊದಲರ್ಧವನ್ನು ಫ್ರೇಮು ಹಾಕಿಸುತ್ತಾರೆ, ಎರಡನೆಯದನ್ನು ಓದುವುದಿಲ್ಲ.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಿಮ್ಮನ್ನೇ ಯಾಕೆ ಕರೆಯಲಿಲ್ಲ? ಯಾಕೆಂದರೆ ಈ ಲಾಡ್ಜುಗಳಿಗೆ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ, ಇವತ್ತಿಗೂ. ರೋಟರಿ, ಲಯನ್ಸ್ ಕೂಡ 1980ರ ದಶಕದ ಕೊನೆಯವರೆಗೆ ಹಾಗೇ ಇದ್ದವು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರೋಟರಿಗೆ ವಿರುದ್ಧವಾಗಿ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಗಂಡಸರು ಹೆಂಗಸರು ಒಟ್ಟಿಗೆ ಕೂರುವ ಬೇರೊಂದು ಮೇಸನ್ ಪಂಗಡವಿದೆ, ಭಾರತದಲ್ಲಿ ಅದನ್ನು ಬೆಳೆಸಿದವರು ಆನಿ ಬೆಸೆಂಟ್. ಮುಖ್ಯವಾಹಿನಿಯ ಲಾಡ್ಜುಗಳು ಅದನ್ನು ತಮ್ಮದೆಂದು ಒಪ್ಪುವುದಿಲ್ಲ. ಹೆಂಡತಿಯರಿಗೆ ಮೀಸಲಾಗಿರುವುದು ‘ಲೇಡೀಸ್ ನೈಟ್’ ಊಟ. ಊಟ ಚೆನ್ನಾಗಿರುತ್ತದಂತೆ.

ಹಾಗಾದರೆ ಕಳಿಸುವುದೋ ಬೇಡವೋ? ತಿಂಗಳಿಗೆ ಒಂದೆರಡು ಸಂಜೆ, ವರ್ಷದ ಚಂದಾ, ಕಪ್ಪು ಸೂಟು, ಬಾಯಿಪಾಠ, ಇಷ್ಟು ನಿಮ್ಮ ಮನೆಗೆ ಭಾರವಲ್ಲದಿದ್ದರೆ ಹೆದರುವಂಥದ್ದೇನೂ ಇಲ್ಲ. ಧರ್ಮ, ರಾಜಕೀಯ ಒಳಗೆ ಮಾತಾಡುವಂತಿಲ್ಲ ಎಂಬ ನಿಯಮವಿದೆ. ಈಗಿನ ಕಾಲದಲ್ಲಿ ಅಂಥದ್ದೊಂದು ಕೋಣೆ ಸಿಗುವುದೇ ದೊಡ್ಡದು. ವ್ಯಾಪಾರಕ್ಕೆ ಅನುಕೂಲವಾಗುತ್ತದೆ, ಆಫೀಸಿನಲ್ಲಿ ಕೆಲಸ ಆಗುತ್ತದೆ ಎಂಬ ಆಸೆಯಿಂದ ಹೋಗುವುದಾದರೆ ಬೇಡ ಅನ್ನಿ. ಹಾಗೆ ಬಳಸಿಕೊಳ್ಳಕೂಡದು ಎಂದು ಅವರೇ ಮೊದಲ ದಿನ ಹೇಳುತ್ತಾರೆ.

ಗೋಲಿ ಪೆಟ್ಟಿಗೆ ಸುತ್ತು ಬರುವ ಮೊದಲು ಎಷ್ಟೋ ಲಾಡ್ಜುಗಳಲ್ಲಿ ಇಬ್ಬರು ಮೂವರು ಅಭ್ಯರ್ಥಿಯ ಮನೆಗೆ ಬಂದು ಮಾತಾಡಿಸಿ ಹೋಗುವ ರೂಢಿಯಿದೆ. ಮನೆಯಾಕೆಗೆ ಅಭ್ಯಂತರವಿದೆಯೇ ಎಂದು ಅವರೇ ಕೇಳುತ್ತಾರೆ. ಆಗ ಕಾಫಿ ಕೊಟ್ಟು ಒಳಗೆ ಹೋಗಿಬಿಡಬೇಡಿ. ಕುರ್ಚಿ ಎಳೆದುಕೊಂಡು ಕೂತು, ವರ್ಷಕ್ಕೆ ಎಷ್ಟು ಖರ್ಚು, ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತೀರಿ, ಹೋದ ವರ್ಷ ನಮ್ಮೂರಿಗೆ ಏನು ಮಾಡಿದಿರಿ ಅಂತ ಕೇಳಿ. ಇವಕ್ಕೂ ಅವರು ಬರೀ ನಕ್ಕರೆ, ಅಭ್ಯಂತರ ಇದೆ ಅನ್ನಿ.