ಉಪ್ಪು ಬಿದ್ದರೆ ನೀರಾಗುವ ಗಂಜಿ

ಮಗುವಿನ ಡೈಪರ್ ಒಂದನ್ನು ಕತ್ತರಿಸಿ ನೋಡಿ. ಹತ್ತಿಯ ಮಧ್ಯೆ ಸಕ್ಕರೆಯಂಥ ಸಣ್ಣ ಹರಳುಗಳಿರುತ್ತವೆ. ಒಂದು ಚಮಚ ಹರಳನ್ನು ಲೋಟದ ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆಲ್ಲ ಗಟ್ಟಿ ಜೆಲ್ಲಿ. ಈಗ ಅದಕ್ಕೆ ಎರಡು ಚಮಚ ಉಪ್ಪು ಹಾಕಿ ಕಲಕಿ. ಜೆಲ್ಲಿ ಕುಸಿದು ನೀರು ಬಿಡುತ್ತದೆ. ಕಚ್ಚಾ ತೈಲ ಎತ್ತುವವರನ್ನು ಅರವತ್ತು ವರ್ಷದಿಂದ ಕಾಡುತ್ತಿರುವ ತಲೆನೋವು ಹೆಚ್ಚುಕಮ್ಮಿ ಇದೇ.

ತೈಲ ನೆಲದಡಿ ಕೆರೆಯ ಹಾಗೆ ನಿಂತಿರುವುದಿಲ್ಲ, ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅಡಗಿರುತ್ತದೆ. ಒತ್ತಡ ಇಳಿದ ಮೇಲೆ ಒಂದು ಬಾವಿಯಿಂದ ನೀರು ನುಗ್ಗಿಸಿ, ತೈಲವನ್ನು ಇನ್ನೊಂದು ಬಾವಿಯ ಕಡೆ ತಳ್ಳುತ್ತಾರೆ. ಆದರೆ ತಟ್ಟೆಯಲ್ಲಿರುವ ಜೋನಿಬೆಲ್ಲಕ್ಕೆ ನೀರು ಸುರಿದರೆ ಏನಾಗುತ್ತದೆ? ನೀರು ಬೆಲ್ಲವನ್ನು ತಳ್ಳುವುದಿಲ್ಲ, ಸಂದಿ ಹುಡುಕಿಕೊಂಡು ಓಡುತ್ತದೆ. ಅಲ್ಲೂ ಅಷ್ಟೇ. ಹಾಗಾದರೆ ನೀರನ್ನೇ ಗಂಜಿಯ ಹಾಗೆ ದಪ್ಪ ಮಾಡಿದರೆ? 1964ರಲ್ಲಿ ಅಮೆರಿಕದಲ್ಲಿ ಪೈ ಮತ್ತು ಸ್ಯಾಂಡಿಫೋರ್ಡ್ ಎಂಬಿಬ್ಬರು ಬೇರೆ ಬೇರೆಯಾಗಿ ಇದನ್ನೇ ಬರೆದರು. ಡೈಪರಿನ ಹರಳಿನ ಸಂಬಂಧಿಯಾದ ಪಾಲಿಅಕ್ರಿಲಮೈಡ್ ಎಂಬ ಪುಡಿ ಲೀಟರಿಗೆ ಒಂದೆರಡು ಗ್ರಾಂ ಸಾಕು.

ಈ ಪುಡಿ ಒಂದು ಪಾಲಿಮರ್, ಅಂದರೆ ಸಣ್ಣ ಕೊಂಡಿಗಳು ಸಾಲಾಗಿ ಸೇರಿದ ಉದ್ದನೆಯ ದಾರದಂಥ ಅಣು. ಮೈತುಂಬ ಋಣ ವಿದ್ಯುದಂಶ, ಅವು ಒಂದನ್ನೊಂದು ದೂರ ತಳ್ಳುವುದರಿಂದ ದಾರ ಬಿಚ್ಚಿಕೊಂಡು ನೀರು ದಪ್ಪವಾಗುತ್ತದೆ. ನೆಲದಡಿಯ ನೀರಿನ ಉಪ್ಪು ಬಂದರೆ ಆ ತಳ್ಳಾಟ ನಿಂತು ದಾರ ಮುದ್ದೆಯಾಗುತ್ತದೆ. ಉಪ್ಪೊಂದೇ ಆಗಿದ್ದರೆ ಪುಡಿ ಜಾಸ್ತಿ ಹಾಕಿ ಸುಧಾರಿಸಬಹುದಿತ್ತು. ಆಳದ ಕಲ್ಲಿನ ಬಿಸಿಯೂ ಸೇರಿದರೆ ಕಥೆ ಕೆಡುತ್ತದೆ. ಬಿಸಿಗೆ ದಾರಕ್ಕೆ ಜೋತುಬಿದ್ದ ಅಮೈಡ್ ಎಂಬ ಪರಮಾಣು ಗುಂಪುಗಳು ಒಡೆದು ಕಾರ್ಬಾಕ್ಸಿಲೇಟ್ ಎಂಬ ಬೇರೆ ಗುಂಪುಗಳಾಗುತ್ತವೆ, ಅವಕ್ಕೆ ನೀರಿನಲ್ಲಿರುವ ಕ್ಯಾಲ್ಸಿಯಂ ಕಂಡರೆ ಅದೇನು ಪ್ರೀತಿಯೋ, ಗಟ್ಟಿಯಾಗಿ ಅಂಟಿಕೊಂಡು ಇಡೀ ಪಾಲಿಮರ್ ಗಸಿಯಾಗಿ ತಳ ಸೇರುತ್ತದೆ. ಗಡಸು ನೀರಿನಲ್ಲಿ ಸುಮಾರು 75 ಡಿಗ್ರಿ ದಾಟಿದರೆ ಈ ಪುಡಿಯನ್ನು ನಂಬಬೇಡಿ ಅನ್ನುವ ಲೆಕ್ಕ 1987ರ ಹೊತ್ತಿಗೆ ಬಂದಿತ್ತು.

ಉಪ್ಪಿಗೆ ಜಗ್ಗದ ಕ್ಸಾಂಥಾನ್ ಕೂಡ ಇತ್ತು. ಸಾಸ್ ಬಾಟಲಿಯ ಹಿಂದೆ ಹೆಸರು ನೋಡಿರುತ್ತೀರಿ, ಬ್ಯಾಕ್ಟೀರಿಯಾ ತಯಾರಿಸುವ ಅಂಟು. ಆದರೆ ಅದನ್ನು ಬೇರೆ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ!

ನನಗೆ ಮಜಾ ಅನ್ನಿಸುವುದು ಏನೆಂದರೆ, ಮದ್ದು ಆಗಲೇ ಗೊತ್ತಿತ್ತು. ದಾರದಲ್ಲಿ ಅಲ್ಲಲ್ಲಿ ಸಲ್ಫೋನೇಟ್ (ಗಂಧಕವಿರುವ ಗುಂಪು) ಇರುವ ಎಟಿಬಿಎಸ್ ಎಂಬ ಕೊಂಡಿ ಪೋಣಿಸಿದರೆ, ಅದಕ್ಕೆ ಕ್ಯಾಲ್ಸಿಯಂ ಅಷ್ಟು ಸುಲಭವಾಗಿ ಅಂಟುವುದಿಲ್ಲ, ಬಿಸಿಗೂ ಬೇಗ ಒಡೆಯುವುದಿಲ್ಲ. ವಿನೈಲ್ ಪೈರೊಲಿಡೋನ್ ಎಂಬ ಇನ್ನೊಂದು ಕೊಂಡಿ ಸೇರಿಸಿದ ಪಾಲಿಮರ್‌ಗಳ ಪರೀಕ್ಷೆಯೂ 1980ರ ದಶಕದಲ್ಲೇ ನಡೆದಿತ್ತು. ಆದರೆ 1986ರಲ್ಲಿ ತೈಲದ ಬೆಲೆ ಬಿದ್ದುಹೋಯಿತು. ಅಗ್ಗದ ತೈಲಕ್ಕೆ ದುಬಾರಿ ಗಂಜಿ ಯಾರು ಕುಡಿಸುತ್ತಾರೆ?

ಆಮೇಲೆ ಗೆದ್ದವರು ಅದೃಷ್ಟವಂತರು. ಚೀನಾದ ಡಾಚಿಂಗ್ ತೈಲಕ್ಷೇತ್ರದಲ್ಲಿ 1996ರಿಂದ ದೊಡ್ಡ ಪ್ರಮಾಣದಲ್ಲಿ ಪಾಲಿಮರ್ ಹರಿಸಿದರು. ಅಲ್ಲಿನ ಕಲ್ಲು ಬರೀ 45 ಡಿಗ್ರಿ ಆಸುಪಾಸು, ನೀರಿನಲ್ಲಿ ಉಪ್ಪೂ ಕಮ್ಮಿ. 2004ರಲ್ಲಿ ನಮ್ಮ ರಾಜಸ್ಥಾನದ ಬಾಡಮೇರ್‌ನಲ್ಲಿ ಸಿಕ್ಕ ಮಂಗಲಾ ತೈಲಕ್ಷೇತ್ರ (ಮಂಗಳೂರಲ್ಲ!) ಸುಮಾರು 65 ಡಿಗ್ರಿ, ಹಾಗಾಗಿ ಹಳೇ ಪಾಲಿಅಕ್ರಿಲಮೈಡೇ ಅಲ್ಲಿ ನಡೆಯಿತು. ಇಂದು ಜಗತ್ತಿನ ದೊಡ್ಡ ಪಾಲಿಮರ್ ಯೋಜನೆಗಳಲ್ಲಿ ಅದೂ ಒಂದು.

ಕೊಲ್ಲಿ ದೇಶಗಳಲ್ಲಿ ತೈಲ ಅಡಗಿರುವ ಸುಣ್ಣದ ಕಲ್ಲು ಹಾಗಲ್ಲ. ಅಬುಧಾಬಿಯಂಥ ಕಡೆ 100 ಡಿಗ್ರಿ ದಾಟಿದ ಬಿಸಿ, ಲೀಟರಿಗೆ 200 ಗ್ರಾಂ ಮೀರಿದ ಉಪ್ಪು. ಸಮುದ್ರದ ನೀರಿನಲ್ಲಿ ಇರುವುದೇ 35 ಗ್ರಾಂ! ಎಟಿಬಿಎಸ್ ತುಂಬಿದ ಪಾಲಿಮರ್‌ಗಳನ್ನು ಬಾವಿಗೆ ಇಳಿಸಿ ನೋಡುವ ಧೈರ್ಯ ಅಲ್ಲಿ ಬಂದದ್ದು ತೀರಾ ಈಚೆಗೆ. ಈ ದಾರಗಳು ಸಾಮಾನ್ಯವಾಗಿ ಹಳೆಯವಕ್ಕಿಂತ ಗಿಡ್ಡ, ಅಷ್ಟೇ ದಪ್ಪ ಬರಬೇಕಾದರೆ ಪುಡಿ ಜಾಸ್ತಿ ಸುರಿಯಬೇಕು, ಪುಡಿಯ ಬೆಲೆಯೂ ಜಾಸ್ತಿ. ಹಾಗಾಗಿ ಲ್ಯಾಬಿನಲ್ಲಿ ಪಾಸಾದ ಮೇಲೂ ಕಡತ ಹೋಗಿ ನಿಲ್ಲುವುದು ಬ್ಯಾರೆಲ್ ಬೆಲೆ ನೋಡುವವರ ಮೇಜಿನ ಮೇಲೇ.