33 ಓಮ್‌ನ ಆ ಒಂದು ರೆಸಿಸ್ಟರ್: ವಾಲ್ವ್ ಡ್ಯಾಕ್ ಕಟ್ಟುವಾಗ ಬರೆದುಕೊಂಡದ್ದು

ಮೂರು ತಿಂಗಳು ನನ್ನ ಮೇಜಿನ ಮೇಲೆ ಅರ್ಧಕ್ಕೆ ನಿಂತಿದ್ದ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಡಬ್ಬಿ) ಹೋದ ವಾರ ಸರಿಯಾಗಿ ಹಾಡಿತು. ತಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ಸಾಲ್ಡರ್ ಮಾಡುವುದು, ಯುಎಸ್‌ಬಿಯಿಂದ ಐ2ಎಸ್ (ಚಿಪ್‌ಗಳ ನಡುವೆ ಡಿಜಿಟಲ್ ಹಾಡು ಸಾಗುವ ದಾರಿ) ತೆಗೆಯುವುದು, ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ನನ್ನನ್ನು ಕಾಡಿದ್ದು ಒಂದೇ ಜಾಗ. ಚಿಪ್ ಮುಗಿದು ವಾಲ್ವ್ (ಹಳೇ ರೇಡಿಯೋಗಳಲ್ಲಿದ್ದ ಗಾಜಿನ ಟ್ಯೂಬ್) ಶುರುವಾಗುವ ಮೊದಲಿನ ಆ ಒಂದು ಇಂಚು.

ವಾಲ್ವ್ ಎಲ್ಲಿ ಕೂತಿದೆ?

ಮೊದಲು ಇದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ವಾಲ್ವ್ ಡ್ಯಾಕ್‌ನಲ್ಲಿ ಡಿಜಿಟಲ್ ಅನ್ನು ಅನಲಾಗ್ ಮಾಡುವುದು ವಾಲ್ವ್ ಅಲ್ಲ. ಆ ಕೆಲಸ ಚಿಪ್‌ನದು. ಚಿಪ್‌ನಿಂದ ಹೊರಬಂದ ಚಿಕ್ಕ ಸಿಗ್ನಲ್ ಅನ್ನು ದೊಡ್ಡದು ಮಾಡಿ ಆಂಪ್ಲಿಫೈಯರ್‌ಗೆ ದಾಟಿಸುವುದಷ್ಟೇ ವಾಲ್ವ್ ಕೆಲಸ. ಸಾಮಾನ್ಯ ಡ್ಯಾಕ್‌ನಲ್ಲಿ ಆ ಜಾಗದಲ್ಲಿ ಆಪ್‌ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ ಇರುತ್ತದೆ. ಹಾಗಾಗಿ "ಯಾವ ವಾಲ್ವ್ ಹಾಕಲಿ?" ಅನ್ನುವುದು ಎರಡನೇ ಪ್ರಶ್ನೆ. "ನನ್ನ ಚಿಪ್ ಹೊರಗೆ ಕೊಡುವುದು ಕರೆಂಟೋ ವೋಲ್ಟೇಜೋ?" ಅನ್ನುವುದು ಮೊದಲನೇ ಪ್ರಶ್ನೆ. ನಾನು ಇದನ್ನು ಉಲ್ಟಾ ಕೇಳಿಕೊಂಡು ಒಂದು ತಿಂಗಳು ಕಳೆದೆ.

ಚಿಪ್

ಪಿಸಿಎಂ5102ಎ ತರಹದ ಈಗಿನ ಚಿಪ್‌ಗಳು ನೇರವಾಗಿ ವೋಲ್ಟೇಜ್ ಕೊಡುತ್ತವೆ. ಇದು 2.1 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ವೋಲ್ಟೇಜ್‌ನ ಸರಾಸರಿ ತರಹದ ಅಳತೆ, ತುದಿ ಅಥವಾ ಪೀಕ್‌ನ ಸುಮಾರು 0.7 ಪಟ್ಟು) ಕೊಡುತ್ತದೆ. ಇದಕ್ಕೆ ಗೇನ್, ಅಂದರೆ ಸಿಗ್ನಲ್ ದೊಡ್ಡದು ಮಾಡುವುದು, ಬೇಕಾಗಿಯೇ ಇಲ್ಲ. ವಾಲ್ವ್ ಹಾಕಿದರೂ ಬಫರ್ ಆಗಿ ಮಾತ್ರ, ಅಂದರೆ ದೊಡ್ಡದು ಮಾಡದೆ ದಾಟಿಸಲು. ಬೋರ್ಡ್ ಅಗ್ಗ, ಶುರು ಮಾಡುವವರಿಗೆ ಒಳ್ಳೆಯದು. ಎಕ್ಸ್‌ಎಸ್‌ಎಂಟಿ ಪಿನ್ ಹೈ ಇಲ್ಲದಿದ್ದರೆ ಚಿಪ್ ಮ್ಯೂಟ್ ಆಗಿಯೇ ಕೂತಿರುತ್ತದೆ, ಅಷ್ಟು ನೋಡಿಕೊಳ್ಳಿ.

ನಾನು ಹಿಡಿದದ್ದು ಫಿಲಿಪ್ಸ್‌ನ ಟಿಡಿಎ1541ಎ. 1980ರ ದಶಕದ ಸಿಡಿ ಪ್ಲೇಯರ್‌ಗಳ ಚಿಪ್ ಇದು. 16 ಬಿಟ್, 28 ಕಾಲು (ಪಿನ್), ಮೂರು ಸಪ್ಲೈ (+5, −5, −15 ವೋಲ್ಟ್). ಸುತ್ತ 14 ಸಣ್ಣ ಕೆಪಾಸಿಟರ್ ಕಾವಲು. ಹೊರಗೆ ಕೊಡುವುದು ಕರೆಂಟ್. ಐ2ಎಸ್‌ನಲ್ಲಿ ದೊಡ್ಡ ಬಿಟ್ ಮೊದಲು ಬರುವುದರಿಂದ 24 ಬಿಟ್ ಕಳಿಸಿದರೂ ಇದು ಮೊದಲ 16 ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಅದಕ್ಕೆ ಬೇರೆ ಏನೂ ಮಾಡಬೇಕಿಲ್ಲ.

ಹಳೆಯ ಪ್ಲೇಯರ್‌ಗಳಲ್ಲಿ ಇದರ ಮುಂದೆ ಎಸ್‌ಎಎ7220 ಎಂಬ ಡಿಜಿಟಲ್ ಫಿಲ್ಟರ್ ಇರುತ್ತಿತ್ತು, ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ (ಸ್ಯಾಂಪಲ್‌ಗಳ ನಡುವೆ ಲೆಕ್ಕ ಹಾಕಿ ಹೊಸವನ್ನು ತುಂಬುವುದು). ಅದನ್ನು ಬಿಟ್ಟು ಕಟ್ಟುವ ರೂಢಿ 1990ರ ದಶಕದಲ್ಲಿ ಜಪಾನಿನ ರ್ಯೋಹೆಯ್ ಕುಸುನೋಕಿ ಅವರ ಲೇಖನಗಳಿಂದ ಹಬ್ಬಿತು. ನಾನೂ ಬಿಟ್ಟೇ ಕಟ್ಟಿದೆ. ಹಾಗೆ ಮಾಡಿದರೆ ಮೇಲಿನ ಸ್ವರಗಳು ಸ್ವಲ್ಪ ಇಳಿಯುತ್ತವೆ. 44.1 ಕಿಲೋಹರ್ಟ್ಸ್‌ನ ಸಿಡಿ ಹಾಡಿನಲ್ಲಿ 10 ಕಿಲೋಹರ್ಟ್ಸ್ ಹತ್ತಿರ ಮುಕ್ಕಾಲು ಡೆಸಿಬೆಲ್, 20ರ ಹತ್ತಿರ 3.2 ಡೆಸಿಬೆಲ್. ಜನ "ವಾಲ್ವ್‌ನ ಮೆದು ಧ್ವನಿ" ಅನ್ನುವುದರಲ್ಲಿ ಇದರ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಕರೆಂಟನ್ನು ವೋಲ್ಟೇಜ್ ಮಾಡುವುದು

ಇಲ್ಲೇ ನಾನು ಬಿದ್ದದ್ದು. ನಿಧಾನವಾಗಿ ಹೋಗೋಣ.

ವಾಲ್ವ್‌ನ ಗ್ರಿಡ್‌ಗೆ (ಸಿಗ್ನಲ್ ಒಳಗೆ ಹೋಗುವ ಕಾಲು) ವೋಲ್ಟೇಜ್ ಬೇಕು. ಚಿಪ್ ಕೊಡುವುದು ಕರೆಂಟ್. ನಡುವೆ ಒಂದು ರೆಸಿಸ್ಟರ್ ಇಟ್ಟು ಗ್ರೌಂಡ್‌ಗೆ ಕಟ್ಟಿದರೆ ಓಮ್ ನಿಯಮದ ಪ್ರಕಾರ ವೋಲ್ಟೇಜ್ ಸಿಗುತ್ತದೆ. ಹಾಗಿದ್ದರೆ 1 ಕಿಲೋಓಮ್ ಹಾಕಿದರೆ ದೊಡ್ಡ ವೋಲ್ಟೇಜ್ ಬರುತ್ತದಲ್ವಾ, ವಾಲ್ವ್ ಗೇನ್ ಯಾಕೆ? ನಾನು ಹಾಗೇ ಯೋಚಿಸಿದೆ, ಹಾಗೇ ಹಾಕಿದೆ. ಬಂದದ್ದು ಹರಿದ ಸದ್ದು.

ಕಾರಣ ಚಿಪ್ ತಯಾರಕರ ಡೇಟಾಶೀಟ್‌ನ ಒಂದು ಸಾಲಿನಲ್ಲಿದೆ: ಔಟ್‌ಪುಟ್ ಕಾಲಿನ ವೋಲ್ಟೇಜ್ ±25 ಮಿಲಿವೋಲ್ಟ್ ಒಳಗೇ ಇರಬೇಕು. ಇದಕ್ಕೆ ಕಂಪ್ಲಯನ್ಸ್ ಅನ್ನುತ್ತಾರೆ. ನನಗೆ ಅರ್ಥವಾದದ್ದು ಮನೆಯ ಮೋಟರ್ ನೆನಪಿಸಿಕೊಂಡಾಗ. ಬೋರ್‌ವೆಲ್ ಪೈಪನ್ನು ನೆಲದ ಸಂಪ್‌ಗೆ ಬಿಟ್ಟರೆ ನೀರು ಧಾರಾಳ. ಅದೇ ಪೈಪನ್ನು ಮೂರನೇ ಮಹಡಿಯ ಟ್ಯಾಂಕ್‌ಗೆ ಏರಿಸಿದರೆ ಧಾರೆ ಸಣ್ಣದಾಗುತ್ತದೆ. ಈ ಚಿಪ್ ನೆಲದ ಸಂಪ್‌ಗೆ ಮಾತ್ರ ಸರಿಯಾಗಿ ಅಳೆದು ಸುರಿಯುವ ಮೋಟರ್. ಅದರ ಕಾಲಿನಲ್ಲಿ ವೋಲ್ಟೇಜ್ ಏರಿದರೆ ಒಳಗಿನ ಅಳತೆಯೇ ತಪ್ಪುತ್ತದೆ. ಅಳತೆ ತಪ್ಪುವುದು ಎಂದರೆ ಡಿಸ್ಟಾರ್ಷನ್, ಸದ್ದು ವಿರೂಪವಾಗುವುದು.

ಈಗ ಲೆಕ್ಕ. ನನ್ನ ಇಷ್ಟದ ಸುಲಭ ದಾರಿ ಇದು, ಗೋಡೆಗೆ ಅಂಟಿಸಿಕೊಂಡಿದ್ದೇನೆ: ಮಿಲಿಆಂಪ್ × ಓಮ್ = ಮಿಲಿವೋಲ್ಟ್. ಮಿಲಿಆಂಪ್ × ಕಿಲೋಓಮ್ = ವೋಲ್ಟ್. ಸೊನ್ನೆ ಎಣಿಸುವ ತಾಪತ್ರಯವೇ ಇಲ್ಲ.

ಚಿಪ್‌ನ ಪೂರ್ತಿ ಕರೆಂಟ್ 4 ಮಿಲಿಆಂಪ್. ನಡು ಬಿಂದುವಿನಿಂದ ನೋಡಿದರೆ ±2 ಮಿಲಿಆಂಪ್. 25 ಮಿಲಿವೋಲ್ಟ್ ಮೀರಬಾರದು ಅಂದರೆ 25 ÷ 2 = 12.5 ಓಮ್. ಅಷ್ಟೇ! ಹನ್ನೆರಡೂವರೆ ಓಮ್‌ನ ಮೇಲೆ ಬರುವ ಸಿಗ್ನಲ್ 17.7 ಮಿಲಿವೋಲ್ಟ್ ಆರ್‌ಎಂಎಸ್. ಸಿಡಿ ಪ್ಲೇಯರ್‌ನ ಮಾಮೂಲಿ 2 ವೋಲ್ಟ್ ಬೇಕಾದರೆ 113 ಪಟ್ಟು ಗೇನ್ ಬೇಕು. ನಾನು ಹಾಕಿದ ಇಸಿಸಿ88 ವಾಲ್ವ್‌ನ ಒಂದು ಟ್ರಯೋಡ್‌ನಿಂದ (ಪ್ಲೇಟ್, ಗ್ರಿಡ್, ಕ್ಯಾಥೋಡ್ ಮೂರಿರುವ ಘಟಕ) ಅದು ಆಗದು.

ಅದಕ್ಕೆ ಕಟ್ಟುವವರು ರಾಜಿ ಮಾಡಿಕೊಳ್ಳುತ್ತಾರೆ. ನಾನು 33 ಓಮ್ ಹಾಕಿದೆ. 2 × 33 = 66 ಮಿಲಿವೋಲ್ಟ್ ಪೀಕ್, ಅಂದರೆ ಸುಮಾರು 47 ಆರ್‌ಎಂಎಸ್. ಮಿತಿಗಿಂತ ಎರಡೂವರೆ ಪಟ್ಟು ಜಾಸ್ತಿ, ನಿಜ. ಡಿಸ್ಟಾರ್ಷನ್ ಸ್ವಲ್ಪ ಏರುತ್ತದೆ ಅಂತ ಗೊತ್ತಿದ್ದೇ ಹಾಕಿದ್ದು. ಆದರೆ 1 ಕಿಲೋಓಮ್‌ನ ಅನಾಹುತಕ್ಕೂ ಇದಕ್ಕೂ ಅಜಗಜಾಂತರ.

ಇಷ್ಟಾದರೂ ಜೋರಾದ ಜಾಗಗಳಲ್ಲಿ ಸದ್ದು ಒರಟಾಗಿತ್ತು. ಎರಡನೇ ಗುಂಡಿ ಇಲ್ಲಿದೆ. ಎರಡು ವಾರ ನನಗೆ ಕಾಣಲೇ ಇಲ್ಲ.

"±2 ಮಿಲಿಆಂಪ್" ಅಂತ ಮೇಲೆ ಬರೆದೆನಲ್ಲ, ಚಿಪ್ ನಿಜವಾಗಿ ಅದನ್ನು ಕೊಡುವುದಿಲ್ಲ. ಅದು 0ಯಿಂದ 4 ಮಿಲಿಆಂಪ್‌ವರೆಗೆ ಒಂದೇ ದಿಕ್ಕಿನಲ್ಲಿ ಕರೆಂಟನ್ನು ಒಳಕ್ಕೆ ಎಳೆಯುತ್ತದೆ. ಮೌನ ಅಂದರೆ 0 ಅಲ್ಲ, ನಡುವಿನ 2 ಮಿಲಿಆಂಪ್. ಸುಮ್ನೆ 33 ಓಮ್ ಇಟ್ಟರೆ ಮೌನದಲ್ಲೇ ಕಾಲು −66 ಮಿಲಿವೋಲ್ಟ್‌ನಲ್ಲಿ ನಿಂತಿರುತ್ತದೆ. ಹಾಡು ಬಂದಾಗ 0ಯಿಂದ −132ರವರೆಗೆ ಆಡುತ್ತದೆ. ನಾನು ಎರಡೂವರೆ ಪಟ್ಟು ಮೀರಿದ್ದೇನೆ ಅಂದುಕೊಂಡಿದ್ದೆ, ನಿಜವಾಗಿ ಐದು ಪಟ್ಟು ಮೀರಿದ್ದೆ.

ಪರಿಹಾರ ತುಂಬಾ ಸರಳ. ಚಿಪ್ ಮೌನದಲ್ಲಿ ಎಳೆಯುವ 2 ಮಿಲಿಆಂಪನ್ನು ಬೇರೆ ಕಡೆಯಿಂದ ಕೊಟ್ಟುಬಿಡಿ. +5 ವೋಲ್ಟ್‌ನಿಂದ ಔಟ್‌ಪುಟ್ ಕಾಲಿಗೆ ಒಂದು ರೆಸಿಸ್ಟರ್. 5 ÷ 2 = 2.5 ಕಿಲೋಓಮ್. ಆಗ 33 ಓಮ್ ಮೂಲಕ ಮೌನದಲ್ಲಿ ಏನೂ ಹರಿಯುವುದಿಲ್ಲ, ಹಾಡಿನಲ್ಲಿ ಎರಡೂ ಕಡೆಗೆ ಸಮವಾಗಿ ಹರಿಯುತ್ತದೆ.

ಚಿಪ್‌ನಿಂದ ಚಿಪ್‌ಗೆ ಪೂರ್ತಿ ಕರೆಂಟ್ 3.4ರಿಂದ 4.6 ಮಿಲಿಆಂಪ್‌ವರೆಗೆ ಬೇರೆ ಬೇರೆ ಇರಬಹುದು. ಹಾಗಾಗಿ 2 ಕಿಲೋಓಮ್ ಜೊತೆಗೆ 1 ಕಿಲೋಓಮ್ ಟ್ರಿಮ್‌ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ. ಮೌನದ ಫೈಲ್ ಒಂದನ್ನು ಓಡಿಸಿ (ಹಾಡು ನಿಲ್ಲಿಸಿದರೆ ಸಾಲದು, ಸೊನ್ನೆಗಳು ಬರುತ್ತಲೇ ಇರಬೇಕು), ಮಲ್ಟಿಮೀಟರನ್ನು 33 ಓಮ್ ಮೇಲೆ ಇಟ್ಟು, ಸೊನ್ನೆ ತೋರುವವರೆಗೆ ತಿರುಗಿಸಿ. ಎಡ ಬಲ ಎರಡಕ್ಕೂ ಬೇರೆ ಬೇರೆಯಾಗಿ.

ಇದರಲ್ಲೂ ಒಂದು ಎಚ್ಚರ. ಆ +5 ವೋಲ್ಟ್‌ನಲ್ಲಿ ಗದ್ದಲ ಇದ್ದರೆ ಅದು ನೇರ ಸಿಗ್ನಲ್ ಒಳಗೆ ಬರುತ್ತದೆ. 1 ಮಿಲಿವೋಲ್ಟ್ ಗದ್ದಲ 2.5 ಕಿಲೋಓಮ್ ದಾಟಿ 33 ಓಮ್ ಮೇಲೆ ಸುಮಾರು 13 ಮೈಕ್ರೋವೋಲ್ಟ್ ಆಗುತ್ತದೆ. ನಮ್ಮ ಪೂರ್ತಿ ಸಿಗ್ನಲ್ಲೇ 47 ಮಿಲಿವೋಲ್ಟ್. ಲೆಕ್ಕ ಹಾಕಿದರೆ 71 ಡೆಸಿಬೆಲ್ ಮಾತ್ರ ಕೆಳಗೆ. 16 ಬಿಟ್‌ಗೆ ಇದು ಸಾಲದು. ನಾನು ಆ 2 ಕಿಲೋಓಮನ್ನು ಎರಡು 1 ಕಿಲೋಓಮ್ ಆಗಿ ಒಡೆದು, ನಡುವಿನಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಇಟ್ಟೆ. ಹಿಂದೆ ಕೇಳುತ್ತಿದ್ದ ಸಣ್ಣ ಗುಂಯ್ ಅಲ್ಲೇ ಹೋಯಿತು.

ಕೊನೆಯದಾಗಿ, 33 ಓಮ್‌ಗೆ ಅಡ್ಡಲಾಗಿ 100 ನ್ಯಾನೋಫ್ಯಾರಡ್. 48 ಕಿಲೋಹರ್ಟ್ಸ್‌ನಿಂದ ಮೇಲಿನದ್ದು ಇಳಿಯುತ್ತದೆ. ಡಿಜಿಟಲ್ ಮೆಟ್ಟಿಲುಗಳ ಚೂಪು ವಾಲ್ವ್‌ಗೆ ಹೋಗುವ ಮೊದಲೇ ಕಡಿಮೆಯಾಗುತ್ತದೆ.

ವಾಲ್ವ್

ಇಸಿಸಿ88, 6ಡಿಜೆ8, 6922, ರಷ್ಯಾದ 6ಎನ್23ಪಿ, ಎಲ್ಲ ಒಂದೇ ಕುಟುಂಬ. ಒಂದು ಗಾಜಿನೊಳಗೆ ಎರಡು ಟ್ರಯೋಡ್, ಆದ್ದರಿಂದ ಸ್ಟೀರಿಯೋಗೆ ಒಂದೇ ಸಾಕು. ಮ್ಯೂ, ಅಂದರೆ ವಾಲ್ವ್ ಕೊಡಬಲ್ಲ ಗರಿಷ್ಠ ಗೇನ್, 33. ನನ್ನದರಲ್ಲಿ ಎಚ್‌ಟಿ (ವಾಲ್ವ್‌ಗೆ ಕೊಡುವ ಹೈ ವೋಲ್ಟೇಜ್ ಸಪ್ಲೈ) 200 ವೋಲ್ಟ್, ಪ್ಲೇಟ್ ರೆಸಿಸ್ಟರ್ 22 ಕಿಲೋಓಮ್, ಕರೆಂಟ್ 5 ಮಿಲಿಆಂಪ್. ಗೋಡೆಯ ಸೂತ್ರ ಹಾಕಿ: 5 × 22 = 110 ವೋಲ್ಟ್ ಬಿದ್ದು ಪ್ಲೇಟ್ 90ಕ್ಕೆ ನಿಲ್ಲುತ್ತದೆ. ಕ್ಯಾಥೋಡ್‌ಗೆ 390 ಓಮ್, ಅದರ ಮೇಲೆ ಸುಮಾರು 2 ವೋಲ್ಟ್.

ಗೇನ್ 28ರ ಹತ್ತಿರ. 47 ಮಿಲಿವೋಲ್ಟ್ × 28 = 1.3 ವೋಲ್ಟ್. 2 ವೋಲ್ಟ್ ಅಲ್ಲ, ಆದರೆ ನನ್ನ ಆಂಪ್‌ಗೆ ಧಾರಾಳ ಸಾಕು. ಕ್ಯಾಥೋಡ್ ರೆಸಿಸ್ಟರ್ ಮೇಲೆ 470 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರ್ ಇದ್ದರೆ ಮಾತ್ರ ಈ ಗೇನ್. ತೆಗೆದರೆ 18ಕ್ಕೆ ಇಳಿಯುತ್ತದೆ.

12ಎಎಕ್ಸ್7 ಮ್ಯೂ 100 ಇದೆಯಲ್ಲ, ಅದನ್ನೇ ಹಾಕಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಅದರ ಒಳ ಪ್ರತಿರೋಧ 60 ಕಿಲೋಓಮ್ ದಾಟುತ್ತದೆ. ಉದ್ದ ಕೇಬಲ್ ಎಳೆಯುವ ತ್ರಾಣ ಇಲ್ಲ, ಅದರ ನಂತರ ಇನ್ನೊಂದು ಟ್ರಯೋಡ್ ಫಾಲೋವರ್ (ಬಫರ್) ಆಗಿ ಬೇಕಾಗುತ್ತದೆ. ಇಸಿಸಿ88 ಹಂತದ ಔಟ್‌ಪುಟ್ ಇಂಪಿಡೆನ್ಸ್ ಸುಮಾರು 3.4 ಕಿಲೋಓಮ್. ಆಂಪ್ ಇನ್‌ಪುಟ್ 47 ಕಿಲೋಓಮ್ ಇದ್ದರೆ ತೊಂದರೆ ಇಲ್ಲ. 10 ಕಿಲೋಓಮ್ ಇದ್ದರೆ ಸಿಗ್ನಲ್‌ನ ಕಾಲು ಭಾಗ ಹೋಗುತ್ತದೆ. ಹೊರಗಿನ ಕೆಪಾಸಿಟರ್ 2.2 ಮೈಕ್ರೋಫ್ಯಾರಡ್ ಇಡಿ, ಎಚ್‌ಟಿಗಿಂತ ಜಾಸ್ತಿ ವೋಲ್ಟೇಜ್ ತಡೆಯುವಂಥದ್ದು.

ಪವರ್

ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ: 180 ವೋಲ್ಟ್ ಒಂದು, ವಾಲ್ವ್ ಬಿಸಿ ಮಾಡುವ ಹೀಟರ್‌ಗೆ ಒಂದು, ಚಿಪ್‌ಗೆ ಬೇರೆ. 180 ಎಸಿ ರೆಕ್ಟಿಫೈ ಆದ ಮೇಲೆ 254 ಡಿಸಿ. ಎರಡು 2.2 ಕಿಲೋಓಮ್ ರೆಸಿಸ್ಟರ್‌ಗಳ ಮೆಟ್ಟಿಲು ಇಳಿಸಿ 200ರ ಸುಮಾರಿಗೆ ತಂದೆ. ಹೀಟರ್ ಡಿಸಿ ಮಾಡಿ, ಗುಂಯ್ ಕಡಿಮೆ.

ಇದು ಐದು ವೋಲ್ಟ್‌ನ ಬೋರ್ಡ್ ಅಲ್ಲ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ 200 ವೋಲ್ಟ್ ಕೂತಿರುತ್ತದೆ, ಪ್ರಾಣಕ್ಕೆ ಅಪಾಯ. 220 ಕಿಲೋಓಮ್ ಬ್ಲೀಡರ್ (ಅದನ್ನು ಖಾಲಿ ಮಾಡುವ ರೆಸಿಸ್ಟರ್) ಕಡ್ಡಾಯವಾಗಿ ಹಾಕಿ. 100 ಮೈಕ್ರೋಫ್ಯಾರಡ್ ಖಾಲಿಯಾಗಲು ಸುಮಾರು ಎರಡು ನಿಮಿಷ ಬೇಕು. ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಒಂದು ಕೈ ಬೆನ್ನ ಹಿಂದೆ.

ಕೊಳ್ಳುವುದು

ಟಿಡಿಎ1541ಎ ತಯಾರಿಕೆ ನಿಂತು ಬಹಳ ಕಾಲವಾಯಿತು. ಸಿಗುವುದೆಲ್ಲ ಹಳೆಯ ದಾಸ್ತಾನು ಅಥವಾ ಪ್ಲೇಯರ್‌ನಿಂದ ಕಿತ್ತದ್ದು. ಕಿರೀಟದ ಗುರುತಿನ "ಎಸ್1" ಚಿಪ್‌ಗೆ ಬೆಲೆ ಜಾಸ್ತಿ, ಅದೇ ಕಾರಣಕ್ಕೆ ಉಜ್ಜಿ ಮತ್ತೆ ಅಚ್ಚು ಹಾಕಿದವೂ ಜಾಸ್ತಿ. ನನಗೆ ಒಬ್ಬ ಮಾರಾಟಗಾರ ಕಳಿಸಿದ ಮೊದಲನೆಯದರಲ್ಲಿ ಬಲ ಚಾನಲ್ಲೇ ಇರಲಿಲ್ಲ. ಮಾಮೂಲಿ ಗುರುತಿನದನ್ನೇ ಕೊಳ್ಳಿ. ಆಗುವುದಾದರೆ ಕೆಟ್ಟ ಡ್ರೈವ್‌ನ ಹಳೇ ಸಿಡಿ ಪ್ಲೇಯರ್ ಹುಡುಕಿ ಅದರಿಂದ ನೀವೇ ತೆಗೆಯಿರಿ.

ವಾಲ್ವ್ ವಿಚಾರದಲ್ಲಿ ಬೆಂಗಳೂರಿನವರಿಗೆ ಒಂದು ಅಕ್ಕರೆಯ ಹೆಸರಿದೆ: ಬಿಇಎಲ್. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಎಸ್.ಪಿ. ರಸ್ತೆಯ ಒಂದು ಹಳೇ ಅಂಗಡಿಯಲ್ಲಿ ನನಗೆ ಅವರ 12ಎಎಕ್ಸ್7 ಒಂದು ಸಿಕ್ಕಿತು. ಈ ಡ್ಯಾಕ್‌ಗೆ ಅದು ಹೊಂದದಿದ್ದರೂ ತಂದಿಟ್ಟುಕೊಂಡೆ. ನಮ್ಮೂರಲ್ಲೇ ಆದ ವಾಲ್ವ್ ಬಿಟ್ಟುಬರಲು ಮನಸ್ಸಾಗಲಿಲ್ಲ.

ಕಟ್ಟದೆ ರೆಡಿಮೇಡ್ ಕೊಳ್ಳುವವರು ಎರಡು ವಿಷಯ ನೋಡಿ. ಅಗ್ಗದ ಡಬ್ಬಿಗಳಲ್ಲಿ ಸಾಮಾನ್ಯವಾಗಿ 6ಜೆ1 ವಾಲ್ವ್ ಇರುತ್ತದೆ, 6ಎಕೆ5 ತರಹದ ಚಿಕ್ಕ ಪೆಂಟೋಡ್ (ಐದು ಎಲೆಕ್ಟ್ರೋಡ್‌ನ ವಾಲ್ವ್). ಅದಕ್ಕೆ ನೂರು ವೋಲ್ಟ್ ದಾಟಿದ ಪ್ಲೇಟ್ ವೋಲ್ಟೇಜ್ ಬೇಕು. ಹನ್ನೆರಡೋ ಇಪ್ಪತ್ನಾಲ್ಕೋ ವೋಲ್ಟ್‌ನಲ್ಲಿ ಓಡಿಸಿದರೆ ಹಾಡುತ್ತದೆ, ಆದರೆ ಅದರ ನಿಜವಾದ ಕೆಲಸ ನಿಮಗೆ ಕೇಳಿಸುವುದಿಲ್ಲ. ಇನ್ನು ವಾಲ್ವ್ ಬುಡದಲ್ಲಿ ಕಿತ್ತಳೆ ಎಲ್ಇಡಿ ಇದ್ದರೆ ಆ ಹೊಳಪನ್ನು ಹೀಟರ್‌ನದು ಅಂದುಕೊಳ್ಳಬೇಡಿ.

ಇನ್ನೊಂದು ಪರೀಕ್ಷೆ ತುಂಬಾ ಸುಲಭ. ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ವಾಲ್ವ್ ಕಿತ್ತು ಪಕ್ಕಕ್ಕಿಡಿ. ಮತ್ತೆ ಆನ್ ಮಾಡಿ ಹಾಡು ಹಾಕಿ. ಹಾಡು ಮೊದಲಿನ ಹಾಗೇ ಬಂದರೆ ಸಿಗ್ನಲ್ ಆ ವಾಲ್ವ್ ಮೂಲಕ ಹೋಗುತ್ತಲೇ ಇಲ್ಲ. ಗೆಳೆಯರೊಬ್ಬರ ಡಬ್ಬಿಯಲ್ಲಿ ಹೀಗೆ ಮಾಡಿ ನೋಡಿದೆವು. ಹಾಡು ನಿಲ್ಲಲಿಲ್ಲ. ಅವರು ಅದನ್ನು ವಾಪಸ್ ಕಳಿಸಿ, ಈಗ 33 ಓಮ್ ರೆಸಿಸ್ಟರ್ ಎರಡು ತಂದಿಟ್ಟುಕೊಂಡಿದ್ದಾರೆ.