ನಾಲ್ಕು ಪುಸ್ತಕ, ಒಂದೇ ವ್ಯವಹಾರ

ವಿಯೆನ್ನಾದಲ್ಲಿರುವ ಒಂದು ಕಂಪನಿ ಸಿಡ್ನಿಯಲ್ಲಿರುವ ಸೋದರ ಕಂಪನಿಯಿಂದ ಯಂತ್ರದ ಬಿಡಿಭಾಗ ತರಿಸಿಕೊಂಡಿದೆ ಎಂದುಕೊಳ್ಳಿ. ಬಿಲ್ಲು 1,00,000 ಅಮೆರಿಕನ್ ಡಾಲರ್. ಎರಡೂ ಒಂದೇ ಸಮೂಹಕ್ಕೆ ಸೇರಿದವು. ಈ ಹಣ ಹೊರಗಿನ ಬ್ಯಾಂಕುಗಳ ಮೂಲಕ ಹೋದರೆ ಎರಡು ಕಡೆ ಶುಲ್ಕ, ಡಾಲರ್ ಕೊಳ್ಳುವಾಗ ಬ್ಯಾಂಕಿನ ಲಾಭಾಂಶ, ಜೊತೆಗೆ ಒಂದೆರಡು ದಿನದ ಕಾಯುವಿಕೆ. ಅಡುಗೆಮನೆಯಿಂದ ನಡುಮನೆಗೆ ಅಕ್ಕಿ ಸಾಗಿಸಲು ಗಾಡಿ ಬಾಡಿಗೆ ಕೊಟ್ಟ ಹಾಗೆ.

ಅದಕ್ಕೇ ದೊಡ್ಡ ಸಮೂಹಗಳು ತಮ್ಮೊಳಗೇ ಒಂದು ಬ್ಯಾಂಕು ನಡೆಸುತ್ತವೆ. ಇದಕ್ಕೆ ಇನ್‌ಹೌಸ್ ಬ್ಯಾಂಕ್ ಎನ್ನುತ್ತಾರೆ. ಇಲ್ಲಿ ಒಳಬ್ಯಾಂಕು ಎನ್ನೋಣ. ಅದಕ್ಕೆ ಕೌಂಟರಿಲ್ಲ, ತಿಜೋರಿಯಿಲ್ಲ. ಪ್ರತಿ ಅಂಗಕಂಪನಿಗೂ ಅಲ್ಲೊಂದು ಖಾತೆ ಇರುತ್ತದೆ, ಆ ಖಾತೆಗಳೆಲ್ಲ ಸಮೂಹದ ಹಣಕಾಸು ಸಾಫ್ಟ್‌ವೇರಿನೊಳಗೇ ಇರುತ್ತವೆ. ಲಾಭ ಬರೀ ಶುಲ್ಕದ್ದಲ್ಲ. 20 ಕಂಪನಿಗಳು ಪರಸ್ಪರ ನೇರವಾಗಿ ಲೆಕ್ಕ ಇಟ್ಟರೆ 190 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಎರಡು ಕಡೆ ಖಾತೆ, ಒಟ್ಟು 380. ನಡುವೆ ಒಂದು ಕೇಂದ್ರ ಬಂದರೆ ಜೋಡಿಗಳು 20ಕ್ಕೆ ಇಳಿಯುತ್ತವೆ.

ಆದರೆ ಕೇಂದ್ರ ಒಂದೇ ಇರುವುದು ಅಪರೂಪ. ಯುರೋಪಿಗೆ ಫ್ರಾಂಕ್‌ಫರ್ಟ್‌ನಲ್ಲಿ ಒಂದು, ಏಷ್ಯಾ-ಆಸ್ಟ್ರೇಲಿಯಾ ಕಡೆಗೆ ಸಿಂಗಪುರದಲ್ಲಿ ಇನ್ನೊಂದು. ನಮ್ಮ ಸಹಕಾರಿ ವ್ಯವಸ್ಥೆ ಬಲ್ಲವರಿಗೆ ಈ ರಚನೆ ಹೊಸದಲ್ಲ: ಊರಿನ ಸಂಘದ ಖಾತೆ ಜಿಲ್ಲಾ ಕೇಂದ್ರ ಬ್ಯಾಂಕಿನಲ್ಲಿ, ಜಿಲ್ಲಾ ಬ್ಯಾಂಕಿನ ಖಾತೆ ಅಪೆಕ್ಸ್ ಬ್ಯಾಂಕಿನಲ್ಲಿ. ಬೇರೆ ಬೇರೆ ಜಿಲ್ಲೆಯ ಎರಡು ಸಂಘಗಳ ಲೆಕ್ಕ ಸರಿಹೋಗಬೇಕಾದರೆ ನಡುವಿನವರ ಪುಸ್ತಕಗಳೂ ತಾಳೆಯಾಗಬೇಕು. ಎರಡು ಒಳಬ್ಯಾಂಕು ಕೇಂದ್ರಗಳ ನಡುವಿನ ಕಷ್ಟವೂ ಇದೇ.

ಈಗ ವಿಯೆನ್ನಾದ ಬಿಲ್ಲಿಗೆ ಬರೋಣ. ವಿಯೆನ್ನಾ ತನ್ನ ಪುಸ್ತಕದಲ್ಲಿ ಸಿಡ್ನಿಗೆ ಕೊಡಬೇಕಾದ ಬಾಕಿಯನ್ನು ಡೆಬಿಟ್ ಮಾಡಿ, ಫ್ರಾಂಕ್‌ಫರ್ಟ್ ಕೇಂದ್ರದಲ್ಲಿರುವ ತನ್ನ ಖಾತೆಯನ್ನು ಕ್ರೆಡಿಟ್ ಮಾಡುತ್ತದೆ. ಫ್ರಾಂಕ್‌ಫರ್ಟ್ ವಿಯೆನ್ನಾದ ಖಾತೆಯನ್ನು ಡೆಬಿಟ್ ಮಾಡಿ, ಸಿಂಗಪುರ ಕೇಂದ್ರದ ಹೆಸರಿಗೆ ಕ್ರೆಡಿಟ್ ಬರೆಯುತ್ತದೆ. ಸಿಂಗಪುರ ಫ್ರಾಂಕ್‌ಫರ್ಟನ್ನು ಡೆಬಿಟ್ ಮಾಡಿ ಸಿಡ್ನಿಯ ಖಾತೆಗೆ ಕ್ರೆಡಿಟ್ ಕೊಡುತ್ತದೆ. ಸಿಡ್ನಿ ತನ್ನ ಪುಸ್ತಕದಲ್ಲಿ ಸಿಂಗಪುರದ ಖಾತೆಯನ್ನು ಡೆಬಿಟ್ ಮಾಡಿ ವಿಯೆನ್ನಾದಿಂದ ಬರಬೇಕಿದ್ದ ಬಾಕಿಯನ್ನು ಚುಕ್ತಾ ಮಾಡುತ್ತದೆ. ನಾಲ್ಕು ಪುಸ್ತಕ, ಎಂಟು ಸಾಲು. ನಿಜವಾದ ಬ್ಯಾಂಕಿನಲ್ಲಿ ಒಂದು ಡಾಲರೂ ಅಲುಗಿಲ್ಲ. ಎರಡು ಕೇಂದ್ರಗಳ ಬಾಕಿಯನ್ನು ಪರಸ್ಪರ ವಜಾ ಮಾಡಿ, ಉಳಿದದ್ದು ನಿಗದಿತ ಮಿತಿ ದಾಟಿದಾಗ ಮಾತ್ರ ಆ ಉಳಿಕೆಯಷ್ಟು ಹಣ ಹೊರಬ್ಯಾಂಕಿನ ಮೂಲಕ ಹೋಗುತ್ತದೆ. ಫ್ರಾಂಕ್‌ಫರ್ಟ್ 42 ಲಕ್ಷ ಕೊಡಬೇಕು, ಸಿಂಗಪುರ 37 ಲಕ್ಷ ಕೊಡಬೇಕು ಎಂದಾದರೆ ಪ್ರಯಾಣ ಮಾಡುವುದು 5 ಲಕ್ಷ ಮಾತ್ರ.

ಈ ಎಂಟು ಸಾಲುಗಳನ್ನು ನಾಲ್ಕು ಕಡೆ ನಾಲ್ಕು ಜನ ಕೈಯಿಂದ ಬರೆದರೆ ತಿಂಗಳ ಕೊನೆಗೆ ತಾಳೆ ನೋಡುವುದೇ ದೊಡ್ಡ ಕೆಲಸವಾಗುತ್ತದೆ. ಬರೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ಇದು ಪರಿಹಾರವಾಗುವುದಿಲ್ಲ. ನಾಲ್ಕು ಯಂತ್ರಗಳು ತಮಗೆ ತೋಚಿದ ದರ, ದಿನಾಂಕ, ಗುರುತು ಹಾಕಿ ಬರೆದರೆ ತಪ್ಪುಗಳು ಇನ್ನಷ್ಟು ವೇಗವಾಗಿ ಬೆಳೆಯುತ್ತವೆ, ಅಷ್ಟೆ. ಎಂಟೂ ಸಾಲುಗಳು ಒಂದೇ ಪಾವತಿ ಆದೇಶದಿಂದ ಹುಟ್ಟಬೇಕು. ಮೊತ್ತ, ದರ, ದಿನಾಂಕ, ಗುರುತು ಸಂಖ್ಯೆ ಈ ನಾಲ್ಕನ್ನೂ ಒಬ್ಬರೇ ಒಮ್ಮೆ ನಿರ್ಧರಿಸಬೇಕು. ಉಳಿದವರು ಅದನ್ನು ಹಾಗೆಯೇ ಸ್ವೀಕರಿಸಬೇಕು.

ಜರ್ಮನಿಯಲ್ಲಿ 1972ರಲ್ಲಿ ಶುರುವಾದ ಎಸ್‌ಎಪಿ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಹಣಕಾಸು ಸಾಫ್ಟ್‌ವೇರಿನಲ್ಲಿರುವ ಇನ್‌ಹೌಸ್ ಕ್ಯಾಶ್ ಎಂಬ ಭಾಗದಲ್ಲಿ ಈ ಸರಪಳಿ ಸ್ಪಷ್ಟವಾಗಿ ಕಾಣುತ್ತದೆ. ಅಂಗಕಂಪನಿಯ ಪಾವತಿ ಪ್ರೋಗ್ರಾಂ ಬಿಲ್ಲುಗಳನ್ನು ಆರಿಸಿ, ಹೊರಬ್ಯಾಂಕಿಗೆ ಕಳಿಸುವಂತೆಯೇ ಒಳಬ್ಯಾಂಕಿಗೆ ಒಂದು ಪಾವತಿ ಸಂದೇಶ ಕಳಿಸುತ್ತದೆ. ಅದರ ಹೆಸರು ಪೇಎಕ್ಸ್‌ಟ್. ಕೇಂದ್ರವು ಅದನ್ನು ಪಾವತಿ ಆದೇಶವಾಗಿ ಮಾಡಿಕೊಂಡು, ಖಾತೆಯ ಮಿತಿ ನೋಡಿ, ಹಣ ಯಾವ ದಾರಿಯಲ್ಲಿ ಹೋಗಬೇಕೆಂದು ನಿರ್ಧರಿಸುತ್ತದೆ. ಪಡೆಯುವವರು ತನ್ನಲ್ಲೇ ಖಾತೆ ಇರುವವರೋ, ಬೇರೆ ಕೇಂದ್ರದವರೋ, ಹೊರಗಿನವರೋ ಎಂಬುದು ಅಲ್ಲೇ ತೀರ್ಮಾನ. ದಿನದ ಕೊನೆಯಲ್ಲಿ ಪ್ರತಿ ಖಾತೆಯ ವಿವರಪಟ್ಟಿ ಫಿನ್‌ಸ್ಟಾ ಎಂಬ ಇನ್ನೊಂದು ಸಂದೇಶವಾಗಿ ಅಂಗಕಂಪನಿಗೆ ಮರಳುತ್ತದೆ.

ಇಲ್ಲೊಂದು ಜಾಣತನ ಇದೆ. ಪಾವತಿ ಹೊರಟ ಕ್ಷಣದಲ್ಲಿ ವಿಯೆನ್ನಾ ನೇರವಾಗಿ ಒಳಬ್ಯಾಂಕಿನ ಖಾತೆಗೆ ಕೈಹಾಕುವುದಿಲ್ಲ. ಬಾಕಿಯನ್ನು ಡೆಬಿಟ್ ಮಾಡಿ ಒಂದು ತಾತ್ಕಾಲಿಕ ಖಾತೆಗೆ ಕ್ರೆಡಿಟ್ ಹಾಕುತ್ತದೆ. ಕೇಂದ್ರದ ವಿವರಪಟ್ಟಿ ಬಂದ ಮೇಲೆ ತಾತ್ಕಾಲಿಕ ಖಾತೆ ಡೆಬಿಟ್ ಆಗಿ ಒಳಬ್ಯಾಂಕಿನ ಖಾತೆ ಕ್ರೆಡಿಟ್ ಆಗುತ್ತದೆ. ಎಲ್ಲ ಸರಿಯಿದ್ದರೆ ಮರುದಿನ ಬೆಳಿಗ್ಗೆ ಆ ತಾತ್ಕಾಲಿಕ ಖಾತೆ ಸೊನ್ನೆ. ಸೊನ್ನೆಯಾಗದಿದ್ದರೆ ಸಂದೇಶ ಹೋಗಿಲ್ಲ, ಅಥವಾ ಕೇಂದ್ರ ತಿರಸ್ಕರಿಸಿದೆ, ಅಥವಾ ಪಟ್ಟಿ ಬಂದಿಲ್ಲ. ತಿಂಗಳ ಕೊನೆಗೆ ಸಿಗುತ್ತಿದ್ದ ತಪ್ಪು ಮರುದಿನವೇ ಸಿಗುತ್ತದೆ. ಆ ಉಳಿಕೆಯನ್ನು ಅನಾಮತ್ತು ಖಾತೆಗೆ, ಅಂದರೆ ಎಲ್ಲಿಗೆ ಸೇರಿದ್ದೆಂದು ತಿಳಿಯದ ಮೊತ್ತಗಳನ್ನು ಇಡುವ ಖಾತೆಗೆ, ತಳ್ಳಿ ಪುಸ್ತಕ ಮುಚ್ಚುವ ಅಭ್ಯಾಸ ಒಮ್ಮೆ ಶುರುವಾದರೆ ಈ ಎಚ್ಚರಿಕೆಗೆ ಬೆಲೆಯೇ ಇರುವುದಿಲ್ಲ.

ತಪ್ಪುಗಳ ಪೈಕಿ ಅತಿ ಹಳೆಯದು ಚಿಹ್ನೆಯದ್ದು. ನಿಮ್ಮ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದು ಬರೆದಿರುವುದು ಬ್ಯಾಂಕು ನಿಮಗೆ ಕೊಡಬೇಕಾದ ಹಣ. ನೀವು ಲೆಕ್ಕ ಬರೆದರೆ ನಿಮ್ಮ ಪುಸ್ತಕದಲ್ಲಿ ಅದೇ ಡೆಬಿಟ್. ಎರಡು ಕೇಂದ್ರಗಳ ನಡುವೆ ಯಾರು ಬ್ಯಾಂಕು, ಯಾರು ಗ್ರಾಹಕ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ವಿವರಪಟ್ಟಿ ಓದುವ ಪ್ರೋಗ್ರಾಂ ಎಡಬಲ ಮಾಡುತ್ತದೆ. ಆಗ ಬರುವ ವ್ಯತ್ಯಾಸ 1,00,000 ಅಲ್ಲ, 2,00,000. ಅದಕ್ಕೇ ಅನುಭವಿ ಲೆಕ್ಕಿಗರು ವ್ಯತ್ಯಾಸವನ್ನು ಮೊದಲು ಅರ್ಧ ಮಾಡಿ ಆ ಮೊತ್ತವನ್ನು ಹುಡುಕುತ್ತಾರೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. ಅಂದರೆ ಯಂತ್ರದ ಸರಪಳಿಯೊಳಗೆ ಎಲ್ಲೋ ಒಬ್ಬರು ಕೈಯಿಂದ ಬರೆದಿದ್ದಾರೆ.

ಎರಡನೆಯದು ವಿನಿಮಯ ದರ. ಕೇಂದ್ರಗಳ ನಡುವಿನ ಖಾತೆ ಯೂರೋದಲ್ಲಿದೆ ಎನ್ನಿ. ಫ್ರಾಂಕ್‌ಫರ್ಟ್ 1 ಯೂರೋಗೆ 1.1000 ಡಾಲರ್ ಹಿಡಿದರೆ ಬಿಲ್ಲು 90,909.09 ಯೂರೋ. ಸಿಂಗಪುರ 1.1012 ಹಿಡಿದರೆ 90,810.03. ವ್ಯತ್ಯಾಸ 99.06 ಯೂರೋ, ಅದೂ ಒಂದೇ ಬಿಲ್ಲಿನಲ್ಲಿ. ಇದು ಯಾರ ನಿರ್ಲಕ್ಷ್ಯವೂ ಅಲ್ಲ: ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ತನ್ನ ಉಲ್ಲೇಖ ದರಗಳನ್ನು ಕೆಲಸದ ದಿನಗಳಲ್ಲಿ ಸಂಜೆ ಸುಮಾರು 4ಕ್ಕೆ ಪ್ರಕಟಿಸುತ್ತದೆ, ಆಗ ಸಿಂಗಪುರದಲ್ಲಿ ಚಳಿಗಾಲವಾದರೆ ರಾತ್ರಿ 11. ಒಬ್ಬರ ಕೋಷ್ಟಕದಲ್ಲಿ ಇಂದಿನ ದರ, ಇನ್ನೊಬ್ಬರದರಲ್ಲಿ ನಿನ್ನೆಯದು. ದರ ಕೋಷ್ಟಕಗಳನ್ನು ಒಂದೇ ಸಮ ಮಾಡಲು ಹೆಣಗುವುದಕ್ಕಿಂತ, ಡಾಲರ್ ಮೊತ್ತ, ಯೂರೋ ಮೊತ್ತ ಎರಡನ್ನೂ ಸಂದೇಶದಲ್ಲೇ ಕಳಿಸಿ, ಸ್ವೀಕರಿಸುವವರು ಮತ್ತೆ ಲೆಕ್ಕ ಹಾಕದಂತೆ ತಡೆಯುವುದು ಸರಿ.

ಗಡಿಯಾರವೂ ಹೀಗೇ ಕಾಡುತ್ತದೆ. ಡಿಸೆಂಬರ್ 31ರ ಸಂಜೆ 5:30ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಬರೆದ ಸಾಲು ಸಿಂಗಪುರ ತಲುಪುವಾಗ ಅಲ್ಲಿ ಜನವರಿ 1, ರಾತ್ರಿ 12:30. ಒಂದೇ ವ್ಯವಹಾರ ಎರಡು ವರ್ಷಗಳಲ್ಲಿ ಬಿತ್ತು. ಸಮೂಹದ ಒಟ್ಟು ಲೆಕ್ಕದಲ್ಲಿ ಪರಸ್ಪರ ಕಳೆದುಹೋಗಬೇಕಾದ ಎರಡು ಬಾಕಿಗಳಲ್ಲಿ ಒಂದು ಮಾತ್ರ ಉಳಿಯಿತು. ಬಡ್ಡಿ ಎಣಿಸುವ ದಿನಾಂಕವನ್ನು ಕಳಿಸುವ ಕೇಂದ್ರವೇ ಬರೆಯಬೇಕು, ಬೇರೆ ಕೇಂದ್ರಕ್ಕೆ ಹೋಗುವ ಪಾವತಿಗಳಿಗೆ ಮಧ್ಯಾಹ್ನ 2ಕ್ಕೇ ಬಾಗಿಲು ಹಾಕಬೇಕು. ವರ್ಷಾಂತ್ಯದಲ್ಲಿ ಎರಡು ದಿನ ಮೊದಲೇ ಹಾಕಿದರೆ ಇನ್ನೂ ನೆಮ್ಮದಿ.

ಬಡ್ಡಿಯಲ್ಲೂ ಎಚ್ಚರ ಬೇಕು. ಯೂರೋ, ಅಮೆರಿಕನ್ ಡಾಲರಿಗೆ ವರ್ಷವನ್ನು 360 ದಿನ ಎಂದು ಹಿಡಿಯುವುದು ರೂಢಿ. ರೂಪಾಯಿ, ಸಿಂಗಪುರ ಡಾಲರ್, ಬ್ರಿಟಿಷ್ ಪೌಂಡಿಗೆ 365. 1 ಕೋಟಿ ಯೂರೋಗೆ ಶೇ 3ರಂತೆ 30 ದಿನಕ್ಕೆ ಮೊದಲ ಲೆಕ್ಕದಲ್ಲಿ 25,000 ಯೂರೋ, ಎರಡನೆಯದರಲ್ಲಿ 24,657.53. ಈ ರೂಢಿಯನ್ನು ಕೇಂದ್ರಕ್ಕೆ ಅಂಟಿಸಬಾರದು, ಖಾತೆಯ ನಾಣ್ಯಕ್ಕೆ ಅಂಟಿಸಬೇಕು.

ಇಷ್ಟೆಲ್ಲ ಸರಿಮಾಡಿದ ಮೇಲೂ ಉಳಿಯುವ ಒಂದು ಸಮಸ್ಯೆ ಲೆಕ್ಕಶಾಸ್ತ್ರದ್ದಲ್ಲ, ಗಣಕ ವಿಜ್ಞಾನದ್ದು. ಫ್ರಾಂಕ್‌ಫರ್ಟ್ ಸಂದೇಶ ಕಳಿಸಿತು, ಉತ್ತರ ಬರಲಿಲ್ಲ. ಸಂದೇಶವೇ ದಾರಿಯಲ್ಲಿ ಕಳೆದುಹೋಯಿತೋ, ಸಿಂಗಪುರ ಬರೆದುಕೊಂಡ ಮೇಲೆ ಅದರ ಉತ್ತರ ಕಳೆದುಹೋಯಿತೋ? ಕಳಿಸಿದವರಿಗೆ ತಿಳಿಯುವ ಉಪಾಯವಿಲ್ಲ. ಬೇರೆ ಬೇರೆ ಬೆಟ್ಟದ ಮೇಲಿರುವ ಇಬ್ಬರು ಸೇನಾಪತಿಗಳು ದೂತರ ಮೂಲಕವೇ ದಾಳಿಯ ಹೊತ್ತನ್ನು ಗೊತ್ತುಮಾಡಬೇಕು, ದೂತರು ದಾರಿಯಲ್ಲಿ ಸೆರೆಯಾಗಬಹುದು: ದತ್ತಸಂಚಯ ವಿಜ್ಞಾನಿ ಜಿಮ್ ಗ್ರೇ 1978ರಲ್ಲಿ ಇದನ್ನು ಇಬ್ಬರು ಸೇನಾಪತಿಗಳ ವಿರೋಧಾಭಾಸ ಎಂದು ಕರೆದರು. ಎಷ್ಟು ದೂತರನ್ನು ಓಡಾಡಿಸಿದರೂ ಇಬ್ಬರಿಗೂ ಪೂರ್ಣ ಖಾತ್ರಿ ಸಿಗುವುದಿಲ್ಲ ಎಂಬುದನ್ನು ಗಣಿತದಿಂದಲೇ ತೋರಿಸಬಹುದು.

ಹಾಗಾಗಿ ಖಾತ್ರಿಯ ಆಸೆ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಉತ್ತರ ಬರುವವರೆಗೂ ಅದೇ ಸಂದೇಶವನ್ನು ಅದೇ ಗುರುತು ಸಂಖ್ಯೆಯೊಂದಿಗೆ ಮತ್ತೆ ಮತ್ತೆ ಕಳಿಸುವುದು. ಸ್ವೀಕರಿಸುವವರು ಆ ಸಂಖ್ಯೆಯನ್ನು ಮೊದಲೇ ನೋಡಿದ್ದರೆ ಎರಡನೆಯ ಸಲ ಲೆಕ್ಕ ಬರೆಯದೆ ಹಳೆಯ ಉತ್ತರವನ್ನೇ ಮರಳಿಸುವುದು. ಪ್ರತಿ ಪ್ರಯತ್ನಕ್ಕೂ ಹೊಸ ಸಂಖ್ಯೆ ಹುಟ್ಟಿಸುವ ಪ್ರೋಗ್ರಾಂ ಬರೆದರೆ ಒಂದು ಬಿಲ್ಲಿಗೆ ಮೂರು ಸಲ ಪಾವತಿಯಾಗುತ್ತದೆ.

ಆ ಸಂಖ್ಯೆ ಕೊನೆಯವರೆಗೂ ಉಳಿಯಬೇಕಲ್ಲ? ಹಣಕಾಸು ಸಂದೇಶಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 20022ರ ಪಾವತಿ ಸಂದೇಶದಲ್ಲಿ ಈ ಗುರುತಿಗೆ 35 ಅಕ್ಷರಗಳ ಜಾಗವಿದೆ. ಹಳೆಯ ಎಂಟಿ940 ವಿವರಪಟ್ಟಿಯ ಸಾಲಿನಲ್ಲಿ ಖಾತೆದಾರರ ಗುರುತಿಗೆ ಇರುವುದು 16 ಮಾತ್ರ. ಕಂಪನಿ ಸಂಕೇತ, ವರ್ಷ, ತಿಂಗಳು, ಕೇಂದ್ರ ಎಂದೆಲ್ಲ ಮೊದಲ 16 ಅಕ್ಷರ ತುಂಬಿಸಿ ಕ್ರಮಸಂಖ್ಯೆಯನ್ನು ಬಾಲಕ್ಕೆ ಇಟ್ಟರೆ, ಬಾಲ ಕತ್ತರಿಸಿಹೋಗಿ ತಿಂಗಳ ಪಾವತಿಗಳೆಲ್ಲ ಒಂದೇ ಗುರುತು ಹೊತ್ತು ನಿಲ್ಲುತ್ತವೆ. ಸಿಡ್ನಿಯಲ್ಲಿ ಯಾವ ಬಿಲ್ಲು ಚುಕ್ತಾ ಆಯಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಬದಲಾಗುವ ಅಂಕಿ ಮೊದಲಿರಲಿ.

ಈ ಸಾಫ್ಟ್‌ವೇರಿಗೂ ನಮ್ಮ ಬೆಂಗಳೂರಿಗೂ ಹತ್ತಿರದ ನಂಟು. ಎಸ್‌ಎಪಿಯ ಅಭಿವೃದ್ಧಿ ಕೇಂದ್ರ ಇಲ್ಲಿಗೆ ಬಂದದ್ದು 1998ರಲ್ಲಿ. ಆದರೆ ಸಮೂಹದ ಭಾರತೀಯ ಕಂಪನಿಯ ರೂಪಾಯಿ ಖಾತೆಯನ್ನು ಈ ಸರಪಳಿಗೆ ಮನಬಂದಂತೆ ಸೇರಿಸುವಂತಿಲ್ಲ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳು ಗಡಿಯಾಚೆಯ ವಜಾ ಲೆಕ್ಕಕ್ಕೆ ಮಿತಿ ಹಾಕುತ್ತವೆ. ದೇಶದೊಳಗೇ ಸೋದರ ಕಂಪನಿಗೆ ಸಾಲ ಕೊಟ್ಟರೂ, 2013ರ ಕಂಪನಿ ಕಾಯ್ದೆಯ 186ನೇ ಕಲಮಿನಡಿ ಬರುವ ಸಾಲದ ಬಡ್ಡಿ ಅದರ ಅವಧಿಗೆ ಹತ್ತಿರವಾದ ಸರ್ಕಾರಿ ಸಾಲಪತ್ರದ ಇಳುವರಿಗಿಂತ ಕಡಿಮೆ ಇರಬಾರದು. ಆದ್ದರಿಂದ ದಾರಿ ನಿರ್ಧರಿಸುವ ಕೋಷ್ಟಕದಲ್ಲೇ ಭಾರತದ ಸಾಲಿಗೆ ಬೀಗ ಬೇಕು. ನಿಯಮ ನೆನಪಿಡುವ ಹೊಣೆಯನ್ನು ಗುಮಾಸ್ತರ ಮೇಲೆ ಹಾಕಬಾರದು.

ಚಾಲನೆಗೆ ಮುನ್ನದ ಪರೀಕ್ಷೆಗೆ ಸುಲಭದ ಯೂರೋ ಪಾವತಿ ಸಾಲದು. ಒಂದು ಯೆನ್ ಪಾವತಿ ಬೇಕು: ಯೆನ್‌ಗೆ ದಶಮಾಂಶವಿಲ್ಲ, ಎಸ್‌ಎಪಿ ತನ್ನ ಕೋಷ್ಟಕದಲ್ಲಿ 1,000 ಯೆನ್ನನ್ನು 10.00 ಎಂದು ಇಡುತ್ತದೆ, ಅದನ್ನು ನೇರವಾಗಿ ಓದುವ ಹೊರಗಿನ ಪ್ರೋಗ್ರಾಂ ನೂರು ಪಟ್ಟು ಕಡಿಮೆ ಕಳಿಸುತ್ತದೆ. ಮೂರು ದಶಮಾಂಶದ ಕುವೈತ್ ದಿನಾರ್ ಒಂದು ಬೇಕು. ಸಿಂಗಪುರದ ಪುಸ್ತಕ ಮುಚ್ಚಿರುವಾಗ ಕಳಿಸಿದ ಪಾವತಿ ಒಂದು, ನಾಲ್ಕೂ ಪುಸ್ತಕಗಳಲ್ಲಿ ಮೂಲ ಗುರುತಿನೊಂದಿಗೇ ಹಿಂದಿರುಗಬೇಕಾದ ರದ್ದತಿ ಒಂದು. ಕೊನೆಗೆ, ಉತ್ತರ ಬರುವ ಮೊದಲೇ ಸಂಪರ್ಕ ಕಡಿದು ಅದೇ ಸಂದೇಶವನ್ನು ಐದು ಸಲ ಕಳಿಸಿ ನೋಡಬೇಕು. ಸಿಡ್ನಿಯ ಖಾತೆಯಲ್ಲಿ ಆಗ ಕಾಣಬೇಕಾದದ್ದು ಒಂದೇ ಸಾಲು.